ಅದಿರು ನಮ್ಮದು, ಹಾಡು ಅವರದು

ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿ 2010ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುತ್ತೇನೆಂದು ಬಂತು. ಮೂವತ್ತೆರಡು ಸಾವಿರ ಕೋಟಿ ರೂಪಾಯಿಯ ಮಾತು. ರೈತರು ಒಪ್ಪಲಿಲ್ಲ, ತೋಂಟದ ಸಿದ್ಧಲಿಂಗ ಸ್ವಾಮಿಗಳು ಬೀದಿಗಿಳಿದರು, ಅದಿರು ಸಿಗುವ ಖಾತ್ರಿಯೂ ಉಳಿಯಲಿಲ್ಲ. 2013ರ ಜುಲೈನಲ್ಲಿ ಕಂಪನಿ ಗಂಟುಮೂಟೆ ಕಟ್ಟಿತು. ಕೊರಿಯಾವನ್ನು ಗಡಿ ದಾಟಿಸಿದೆವೆಂದು ನಾವು ಮೀಸೆ ತಿರುವಿದೆವು.

ಅದಕ್ಕೆ ಒಂದು ತಿಂಗಳ ಮೊದಲು, ಅದೇ 2013ರ ಜೂನ್‌ನಲ್ಲಿ, ಸಿಯೋಲ್ ನಗರದಲ್ಲಿ ಬಿಟಿಎಸ್ ಎಂಬ ಏಳು ಹುಡುಗರ ಹಾಡು-ಕುಣಿತದ ತಂಡ ಮೊದಲ ಸಲ ವೇದಿಕೆ ಏರಿತ್ತು. ಅದು ನಮ್ಮ ಹೋರಾಟಗಾರರ ಗಮನಕ್ಕೆ ಬರಲಿಲ್ಲ. ಇವತ್ತು ಹೊಸಪೇಟೆಯಲ್ಲಿ ಪಿಯುಸಿ ಓದುವ ಹುಡುಗಿಯ ಮೊಬೈಲು ತೆಗೆದು ನೋಡಿ. ಕೊರಿಯಾ ಒಂದು ಗುಂಟೆ ಜಮೀನನ್ನೂ ಸ್ವಾಧೀನ ಮಾಡಿಕೊಳ್ಳದೆ ಮನೆಯೊಳಗೆ ಕಾಲು ಚಾಚಿ ಕೂತಿದೆ. ಪರಿಹಾರ ಕೊಡುವ ಮಾತಿಲ್ಲ, ಡೇಟಾ ಪ್ಯಾಕಿನ ದುಡ್ಡೂ ನಮ್ಮದೇ. ಒಡಿಶಾದಲ್ಲೂ ಇದೇ ಕತೆ. ಅಲ್ಲಿ 2005ರಲ್ಲಿ ಒಪ್ಪಂದ ಮಾಡಿಕೊಂಡ ಪೋಸ್ಕೋ 2017ರಲ್ಲಿ ಕೈಚೆಲ್ಲಿತು. ಅಷ್ಟರಲ್ಲಿ ಆ ರಾಜ್ಯದ ಮಕ್ಕಳು ಕೊರಿಯಾದ ಕುಣಿತ ಕಲಿಯುತ್ತಿದ್ದರು. 2022ರಲ್ಲಿ ಅಲ್ಲಿಯ ಶ್ರೇಯಾ ಲೆಂಕಾ ಕೊರಿಯಾದ ಬ್ಲ್ಯಾಕ್‌ಸ್ವಾನ್ ತಂಡ ಸೇರಿದರು. ಈಗ ಬಿಟಿಎಸ್ ಹಿಂದಿರುವ ಹೈಬ್ ಕಂಪನಿಯೇ ಮುಂಬಯಿಯಲ್ಲಿ ಅಂಗಡಿ ತೆರೆದಿದೆ. ಕುಲುಮೆಗೆ ಅದಿರು ಸಾಗಿಸುವ ಖರ್ಚು ಯಾಕೆಂದು ಕುಲುಮೆಯೇ ಗಣಿಯ ಬಾಗಿಲಿಗೆ ಬಂದಿದೆ.

ನಮ್ಮ ಹಿರಿಯರು ಕೊರಿಯಾದ ಈ ಹುಡುಗರನ್ನು ಕಂಡು ಮೂಗು ಮುರಿಯುತ್ತಾರೆ. 'ತುಟಿಗೆ ಬಣ್ಣ, ಕಿವಿಗೆ ಓಲೆ, ಇವರೇನ್ರೀ ಗಂಡಸರು?' ಹೀಗೆ ಕೇಳುವವರು ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವರು. ಮುಖಕ್ಕೆ ಅರ್ದಾಳ ಬಳಿದು, ಹುಬ್ಬು ತೀಡಿ, ಭುಜಕೀರ್ತಿ ಕಟ್ಟಿಕೊಂಡು ಕುಣಿದ ಗೌಡರ ಮಗನಿಗೆ ಆಯೇರಿ ಮಾಡಿದವರು. ಬಣ್ಣ ನಮ್ಮದಾದರೆ ಕಲೆ, ಕೊರಿಯಾದ್ದಾದರೆ ಕಾಯಿಲೆ.

ಇನ್ನು ಆ ಕುಲುಮೆಯ ಒಳಗಿನ ಸಂಗತಿ. ಹನ್ನೊಂದು, ಹನ್ನೆರಡರ ಮಕ್ಕಳನ್ನು ಆರಿಸಿ ತರುತ್ತಾರೆ. ವರ್ಷಗಟ್ಟಲೆ ಹಾಡು, ಕುಣಿತ, ಭಾಷೆ, ಕ್ಯಾಮೆರಾದ ಮುಂದೆ ನಗುವ ಬಗೆ ಎಲ್ಲವನ್ನೂ ಅರೆದು ಕುಡಿಸುತ್ತಾರೆ. ಊಟವನ್ನು ತೂಗುತ್ತಾರೆ, ಊಟ ಮಾಡಿದವರನ್ನೂ ತೂಗುತ್ತಾರೆ. ಎಷ್ಟೋ ಕಂಪನಿಗಳಲ್ಲಿ ತರಬೇತಿಯ ಖರ್ಚು ಮಕ್ಕಳ ಲೆಕ್ಕದಲ್ಲೇ ಸಾಲವಾಗಿ ಕೂರುತ್ತದೆ, ಗೆದ್ದ ಮೇಲೆ ಮುರಿದುಕೊಳ್ಳುತ್ತಾರೆ. ಎಸ್‌ಎಂ ಎಂಟರ್‌ಟೈನ್‌ಮೆಂಟ್ ಕಂಪನಿ ಟಿವಿಎಕ್ಸ್‌ಕ್ಯೂ ತಂಡದ ಹುಡುಗರಿಂದ ಬರೆಸಿಕೊಂಡಿದ್ದು ಹದಿಮೂರು ವರ್ಷದ ಕರಾರು. ಪಾಂಡವರ ವನವಾಸ, ಅಜ್ಞಾತವಾಸ ಸೇರಿದರೂ ಅಷ್ಟೇ. 2009ರಲ್ಲಿ ಮೂವರು ಕೋರ್ಟಿಗೆ ಹೋದರು. ಅದೇ ವರ್ಷ ಅಲ್ಲಿಯ ವ್ಯಾಪಾರ ಆಯೋಗ ಮಾದರಿ ಕರಾರು ತಂದು ಅವಧಿಯನ್ನು ಏಳು ವರ್ಷಕ್ಕೆ ಇಳಿಸಿತು.

ಪ್ರೀತಿಸುವುದಕ್ಕೂ ಅಲ್ಲಿ ಪರವಾನಗಿ ಬೇಕು. 2024ರಲ್ಲಿ ಎಸ್ಪಾ ತಂಡದ ಕರೀನಾ ಒಬ್ಬ ನಟನ ಜೊತೆ ಓಡಾಡುತ್ತಿರುವ ಸುದ್ದಿ ಹೊರಬಿತ್ತು. ಅಭಿಮಾನಿಗಳು ಲಾರಿಯ ಮೇಲೆ ದೊಡ್ಡ ಪರದೆ ಕಟ್ಟಿ, ಅದರಲ್ಲಿ ಬೈಗುಳ ಓಡಿಸಿ, ಕಂಪನಿಯ ಕಚೇರಿ ಮುಂದೆ ತಂದು ನಿಲ್ಲಿಸಿದರು. ಆಕೆ ಕೈಬರಹದಲ್ಲಿ ಕ್ಷಮಾಪಣೆ ಬರೆಯಬೇಕಾಯಿತು. ಸಂಡೂರಿನಲ್ಲಿ ಲಾರಿಗಳಿಗೆ ಬರೀ ಅದಿರು ಹೊರಿಸಿ ಎಂಥ ಅವಕಾಶ ಕಳೆದುಕೊಂಡೆವು ನೋಡಿ.

ಅದೇ ವರ್ಷ ಅಕ್ಟೋಬರ್‌ನಲ್ಲಿ ನ್ಯೂಜೀನ್ಸ್ ತಂಡದ ಹನ್ನಿ ಕೊರಿಯಾದ ಸಂಸತ್ತಿನ ಸಮಿತಿಯ ಮುಂದೆ ನಿಂತು, ಕೆಲಸದ ಜಾಗದಲ್ಲಿ ತನಗೆ ಕಿರುಕುಳವಾಗುತ್ತಿದೆ ಎಂದು ಹೇಳಿ ಅತ್ತಳು. ನವೆಂಬರ್‌ನಲ್ಲಿ ಕಾರ್ಮಿಕ ಇಲಾಖೆಯ ಉತ್ತರ ಬಂತು. ಕಾನೂನಿನ ಪ್ರಕಾರ ಆಕೆ ಕಾರ್ಮಿಕಳೇ ಅಲ್ಲ, ಆದ್ದರಿಂದ ಕಿರುಕುಳದ ಕಾಯ್ದೆ ಆಕೆಗೆ ಅನ್ವಯಿಸುವುದಿಲ್ಲ. ಈ ಉತ್ತರ ಓದಿದಾಗ ನನಗೆ ಕೊರಿಯಾ ಬಹಳ ಹತ್ತಿರದ ದೇಶ ಅನ್ನಿಸಿತು. ನಮ್ಮ ಸೀಮೆಯಲ್ಲೂ ಹಾಡುವವರು ಕಾರ್ಮಿಕರಲ್ಲ. ಅವರು ಮಾಡುವುದು ಕಲಾಸೇವೆ. ಸೇವೆಗೆ ಶಾಲು ಉಂಟು, ಹಾರ ಉಂಟು, ಫಲಕ ಉಂಟು. ಸಂಬಳ ಕೇಳಿದರೆ ಸೇವೆ ಕೆಡುತ್ತದೆ.

ಮಕ್ಕಳನ್ನು ಸಾಣೆ ಹಿಡಿಯುವ ಕಲೆಯೂ ನಮಗೆ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಇದನ್ನೇ ಮಾಡಿತು. ಎಳೆಯ ಹುಡುಗರು ಕಂಪನಿ ಸೇರಿ, ಅಲ್ಲೇ ಉಂಡು, ಅಲ್ಲೇ ಮಲಗಿ, ರಂಗಗೀತೆ, ಮಾತು, ಹೆಜ್ಜೆ, ಕತ್ತಿವರಸೆ ಎಲ್ಲ ಕಲಿತರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಮೂವರೂ ಪಳಗಿದ್ದು ಅಲ್ಲಿ. ಆ ರಾಜಕುಮಾರರ ಮಗನ ಪುತ್ಥಳಿಗೆ ಇವತ್ತು ಹೊಸಪೇಟೆ ಕೈಮುಗಿಯುತ್ತದೆ. ಪುತ್ಥಳಿ ಇರಲಿ, ಪುನೀತ್ ಅದಕ್ಕೆ ತಕ್ಕವರೇ. ಅವರು ತೀರಿಕೊಂಡ ಮೇಲೆ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರಲ್ಲ, ಅಂಥ ಅಭಿಮಾನವನ್ನು ಯಾವ ಕಂಪನಿಯೂ ತಯಾರಿಸಲಾರದು. ಆದರೆ ಮೂರ್ತಿ ಮಾಡಿಸಿದ ಊರಿಗೆ ಆ ಮನೆತನವನ್ನು ಮಾಡಿದ ಕಂಪನಿ ಮಾತ್ರ ಮರೆತುಹೋಯಿತು.

ಅಭಿಮಾನಿಗಳ ದುಡಿಮೆಗೆ ಬರೋಣ. ಕೊರಿಯಾದಲ್ಲಿ ಒಂದು ಆಲ್ಬಮ್ ಕೊಂಡರೆ ಒಳಗೆ ಒಂದು ಫೋಟೋಕಾರ್ಡ್. ಯಾರ ಮುಖ ಬರುತ್ತದೋ ಹಣೆಬರಹ. ಬೇಕಾದ ಮುಖ ಸಿಗುವ ತನಕ ಅದೇ ಆಲ್ಬಮ್ಮನ್ನು ಹತ್ತು ಸಲ ಕೊಳ್ಳುತ್ತಾರೆ. ರಾತ್ರಿಯೆಲ್ಲ ಹಾಡನ್ನು ಓಡಬಿಟ್ಟು ಅಂಕಿ ಏರಿಸುತ್ತಾರೆ. ಕಂಪನಿಗೆ ಪುಕ್ಕಟೆ ಜಾಹೀರಾತು ಇಲಾಖೆ, ಅದರ ಮೇಲೆ ಆ ಇಲಾಖೆಯೇ ಕಂಪನಿಗೆ ದುಡ್ಡು ಕಟ್ಟುತ್ತದೆ. ನಮ್ಮವರು ಕಟೌಟ್ ನಿಲ್ಲಿಸಿ, ಹಾಲು ಸುರಿದು, ಪಟಾಕಿ ಹೊಡೆದು, ಕೊನೆಗೆ ಗೇಟಿನ ಹತ್ತಿರ ಲಾಠಿ ಏಟು ತಿಂದು ಬರುತ್ತಾರೆ. ಕೊರಿಯಾದವರಿಗೆ ಕೊನೆಗೆ ಒಂದು ಕಾರ್ಡಾದರೂ ಉಳಿಯುತ್ತದೆ. ಕೊರಿಯಾದ ಅಭಿಮಾನಿಯ ಕೈಯಲ್ಲಿ ಮಿನುಗುವ ದೀಪದ ಕೋಲು. 2022ರ ಡಿಸೆಂಬರ್‌ನಲ್ಲಿ ಹೊಸಪೇಟೆಯಲ್ಲಿ 'ಕ್ರಾಂತಿ' ಚಿತ್ರದ ಹಾಡು ಬಿಡುಗಡೆಯಾದಾಗ ನಟ ದರ್ಶನ್ ಮೇಲೆ ತೂರಿಬಂದದ್ದು ಚಪ್ಪಲಿ. ಒಂದೂವರೆ ತಿಂಗಳೂ ಆಗಲಿಲ್ಲ, 2023ರ ಜನವರಿ ಕೊನೆಗೆ ಹಂಪಿ ಉತ್ಸವದಲ್ಲಿ ಗಾಯಕ ಕೈಲಾಶ್ ಖೇರ್ ಕಡೆಗೆ ಬಾಟಲಿ ತೂರಿಬಂತು. ಕನ್ನಡ ಹಾಡು ಹಾಡಲಿಲ್ಲ ಎಂಬುದು ಕಾರಣ. ಕನ್ನಡ ಹಾಡು ಬೇಕೆಂದರೆ ಕನ್ನಡ ಹಾಡುವವರನ್ನು ಕೇಳಬಹುದಿತ್ತು. ಅದು ಎಸೆದವರಿಗೆ ಹೊಳೆಯಲಿಲ್ಲ, ಬಾಟಲಿ ಹತ್ತಿರದಲ್ಲಿತ್ತು.

ಪಶ್ಚಿಮದವರು ಕೊರಿಯಾದ ಹಾಡನ್ನು ಒಪ್ಪಿದ ಬಗೆ ಇನ್ನೂ ಸೊಗಸು. 2009ರಲ್ಲಿ ವಂಡರ್ ಗರ್ಲ್ಸ್ ತಂಡ ಅಮೆರಿಕದುದ್ದಕ್ಕೂ ಊರೂರು ಅಲೆದು ಬಿಲ್‌ಬೋರ್ಡ್ ಪಟ್ಟಿಯಲ್ಲಿ 76ನೇ ಸ್ಥಾನ ಹಿಡಿಯಿತು. 2012ರಲ್ಲಿ ಸೈ ಎಂಬಾತನ 'ಗಂಗ್ನಮ್ ಸ್ಟೈಲ್' ಬಂತು. ಯೂಟ್ಯೂಬಿನಲ್ಲಿ ನೂರು ಕೋಟಿ ಸಲ ನೋಡಿಸಿಕೊಂಡ ಮೊದಲ ವಿಡಿಯೊ ಅದು. ಹಾಡು ಅಣಕಿಸುವುದು ಸಿಯೋಲಿನ ಸಿರಿವಂತ ಬಡಾವಣೆಯ ಒಣ ಜಂಬವನ್ನು. ಜಗತ್ತು ಅಣಕವನ್ನು ಬಿಟ್ಟು ಕುದುರೆ ಕುಣಿತವನ್ನು ಇಟ್ಟುಕೊಂಡಿತು. ವ್ಯಂಗ್ಯ ಬರೆದು ಬದುಕುವ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಡ. ಅಷ್ಟೆಲ್ಲ ಕುಣಿದರೂ ಅಮೆರಿಕದ ಪಟ್ಟಿಯಲ್ಲಿ ಆ ಹಾಡು ಏಳು ವಾರ ಎರಡನೇ ಸ್ಥಾನದಲ್ಲೇ ನಿಂತಿತು. ಮೊದಲ ಸ್ಥಾನ ಸಿಕ್ಕಿದ್ದು 2020ರಲ್ಲಿ, ಬಿಟಿಎಸ್ ತಂಡದ 'ಡೈನಮೈಟ್' ಹಾಡಿಗೆ. ಅದು ಅವರ ಮೊದಲ ಪೂರ್ತಿ ಇಂಗ್ಲಿಷ್ ಹಾಡು, ಬರೆದವರು ಇಬ್ಬರು ಬ್ರಿಟಿಷರು. ಮಡಿ ಉಟ್ಟು ಬಂದ ಮೇಲೆ ಒಳಗೆ ಕರೆದರು. ಅದಕ್ಕೂ ಮೊದಲು, 2019ರಲ್ಲಿ, ಎಂಟಿವಿ ಪ್ರಶಸ್ತಿಯವರು ಕೆ-ಪಾಪ್ ಎಂದು ಕರೆಯುವ ಈ ಕೊರಿಯಾದ ಹಾಡುಗಳಿಗೆಂದೇ ಬೇರೆ ವಿಭಾಗ ತೆರೆದಿದ್ದರು. ಪಂಕ್ತಿಭೇದ ಗೊತ್ತಿರುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

'ಇದು ಸಂಗೀತವಲ್ಲ, ಕಾರ್ಖಾನೆ ಮಾಲು' ಎಂದು ಪಶ್ಚಿಮದ ವಿಮರ್ಶಕರು ಬರೆಯುತ್ತಾರೆ. ಅಮೆರಿಕದ ಹೆಮ್ಮೆಯ ಮೋಟೌನ್ ಸಂಗೀತ ಕಂಪನಿಯನ್ನು ಕಟ್ಟಿದ ಬೆರಿ ಗಾರ್ಡಿ ಅದಕ್ಕೆ ಮೊದಲು ದುಡಿದದ್ದು ಡೆಟ್ರಾಯಿಟಿನ ಕಾರು ಕಾರ್ಖಾನೆಯಲ್ಲಿ. ಬಿಡಿಭಾಗ ಒಂದೊಂದಾಗಿ ಕೂಡಿ ಹೊಸ ಕಾರು ಹೊರಬರುವ ಹಾಗೆ ಗಾಯಕರೂ ಹೊರಬರಬೇಕೆಂಬುದು ಅವನ ಕನಸು. ನಿಲ್ಲುವುದು, ನಡೆಯುವುದು, ಮಾತಾಡುವುದು ಎಲ್ಲಕ್ಕೂ ಅಲ್ಲಿ ಪಾಠವಿತ್ತು. ಅದು ಅಮೆರಿಕದ ಪರಂಪರೆ. ಕೊರಿಯಾದವರು ಮಾಡಿದರೆ ಕಾರ್ಖಾನೆ.

ಪಶ್ಚಿಮದವರನ್ನು ನೋಡಿ ನಗುವ ಮೊದಲು ಹಂಪಿಯ ಕಡೆ ತಿರುಗಿ. ರಾಬರ್ಟ್ ಸಿವೆಲ್ 1900ರಲ್ಲಿ ವಿಜಯನಗರದ ಬಗ್ಗೆ ಪುಸ್ತಕ ಬರೆದು, ಜಗತ್ತು ಮರೆತ ಸಾಮ್ರಾಜ್ಯವಿದು ಎಂದ. ವಿರೂಪಾಕ್ಷನ ತೇರಿಗೆ ವರ್ಷವೂ ಬಂಡಿ ಕಟ್ಟಿಕೊಂಡು ಬರುತ್ತಿದ್ದವರಿಗೆ ಆ ಸುದ್ದಿ ಮುಟ್ಟಿರಲಿಲ್ಲ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಹಂಪಿ ನಮ್ಮ ಹೆಮ್ಮೆಯಾಯಿತು. 2019ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷ ನೋಡಲೇಬೇಕಾದ 52 ಜಾಗಗಳಲ್ಲಿ ಹಂಪಿಗೆ ಎರಡನೇ ಸ್ಥಾನ ಕೊಟ್ಟಾಗ ಹೆಮ್ಮೆ ದುಪ್ಪಟ್ಟಾಯಿತು. ಅದರ ಮುಂದಿನ ತಿಂಗಳೇ ಹುಡುಗರು ಕಂಬ ತಳ್ಳಿ ಬೀಳಿಸುವ ವಿಡಿಯೊ ಹರಿದಾಡಿತು. ಕೋರ್ಟು ತಲಾ ಎಪ್ಪತ್ತು ಸಾವಿರ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಇಡೀ ನಾಡಿನಲ್ಲಿ ಪುರಾತತ್ವದ ಪ್ರಾಯೋಗಿಕ ತರಬೇತಿ ಪಡೆದವರು ಬಹುಶಃ ಅವರಷ್ಟೇ.

ಸಂಡೂರಿನ ಲಂಬಾಣಿ ಕಸೂತಿಗೂ ಹಾಗೆಯೇ ಠಸ್ಸೆ ಬೇಕಾಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳು ಕೈಯಾರೆ ಹೊಲಿದ 1755 ಕಸೂತಿಗಳ ಪ್ರದರ್ಶನಕ್ಕೆ ಗಿನ್ನೆಸ್ ದಾಖಲೆ ಸಿಕ್ಕಿತು. ಅಲ್ಲಿಯವರೆಗೆ ಅದು ತಾಂಡಾದವರ ಲಂಗ. ಅವತ್ತಿನಿಂದ ಪರಂಪರೆ.

ಹೀಗಿರುವಾಗ ನಾವೇ ಒಂದು ಕಂಪನಿ ತೆರೆಯಬಾರದೇಕೆ? ಹೆಸರು: ಕಂಪ್ಲಿ ಪಾಪ್ ಪ್ರೈವೇಟ್ ಲಿಮಿಟೆಡ್. ಯೋಜನಾ ವರದಿ ಸಿದ್ಧವಿದೆ. ತರಬೇತಿಗೆ ಖರ್ಚು ಸೊನ್ನೆ: ಮಗುವನ್ನು ನೇರವಾಗಿ ಟಿವಿ ಸ್ಪರ್ಧೆಗೆ ಕಳಿಸುವುದು, ತಾಯಿ ಅತ್ತಳೇ, ತೀರ್ಪುಗಾರರು ಅತ್ತರೇ, ಅಷ್ಟು ಸಾಕು. ಕರಾರು ಬಾಯಿಮಾತಿನದು: ಹದಿಮೂರು ವರ್ಷವೂ ಅಲ್ಲ, ಏಳೂ ಅಲ್ಲ, 'ಮುಂದೆ ನೋಡೋಣ ತಮ್ಮಾ' ಎಂಬಷ್ಟು. ಪ್ರೇಮ ನಿಷೇಧಕ್ಕೆ ಕಂಪನಿ ಸಿಬ್ಬಂದಿ ಇಡಬೇಕಿಲ್ಲ: ಆ ಕೆಲಸವನ್ನು ಓಣಿಯ ಜನ ಧರ್ಮಾರ್ಥ ಮಾಡುತ್ತಾರೆ. ಹಾಡು ಇಂಗ್ಲಿಷಿನಲ್ಲಿ, ನಡುವೆ ಒಂದು ಸಲ 'ಮಚ್ಚಾ'. ಬಿಡುಗಡೆ ಹೊಸಪೇಟೆಯಲ್ಲಿ ಬೇಡ, ಇಲ್ಲಿಯ ಪ್ರೇಕ್ಷಕರ ಕೈಗುಣ ಆಗಲೇ ನೋಡಿದ್ದೇವೆ. ಮೊದಲು ನ್ಯೂಯಾರ್ಕಿನಲ್ಲಿ ಯಾರಾದರೂ ಹೊಗಳಲಿ, ಆಮೇಲೆ ಫ್ಲೆಕ್ಸ್ ಕಟ್ಟಿಸೋಣ. ಫ್ಲೆಕ್ಸಿನಲ್ಲಿ ಹಾಡಿದವರ ಮುಖ ಸಣ್ಣದು, ಶುಭಾಶಯ ಕೋರುವವರದು ದೊಡ್ಡದು.

ನಗಬೇಡಿ, ಕಂಪ್ಲಿಯ ಹಾಡು ನಿಜಕ್ಕೂ ಇತ್ತು. ಸಂಡೂರು ಸೀಮೆಯ ದರೋಜಿಯಲ್ಲಿ ಈರಮ್ಮ ಎಂಬ ಬುರ್ರಕಥೆ ಕಲಾವಿದೆ ಇದ್ದರು. ಬುಡ್ಗ ಜಂಗಮರ ಹೆಣ್ಣುಮಗಳು, ಅಕ್ಷರ ಕಲಿತವರಲ್ಲ. ಹನ್ನೆರಡು ಮಹಾಕಾವ್ಯ ನಾಲಿಗೆಯ ಮೇಲಿದ್ದವು, ಬರೆದಿಟ್ಟರೆ ಸುಮಾರು ಏಳು ಸಾವಿರ ಪುಟ. ಅದರಲ್ಲಿ ಕಂಪ್ಲಿಯ ಕುಮಾರರಾಮನ ಕತೆಯೂ ಒಂದು. ಚಿಕ್ಕಂದಿನಲ್ಲೇ ತಂದೆಯಿಂದ ಕಲಿತು, ಊರೂರು ಅಲೆದು ಹಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಇವತ್ತು ದರೋಜಿ ಎಂದರೆ ಕರಡಿಧಾಮ. ಪ್ರವಾಸಿಗರಿಗೆ ಕಾಣಿಸಿಕೊಳ್ಳಲೆಂದು ಕರಡಿಗಳಿಗೆ ಬಂಡೆಯ ಮೇಲೆ ಸಿಹಿ ಅಂಟು ಬಳಿದಿಡುವ ರೂಢಿಯಿದೆ. ದರ್ಶನ ಕೊಡುವ ಕರಡಿಗೆ ಹೊತ್ತಿಗೆ ಸರಿಯಾಗಿ ಕೂಲಿ ಸಿಗುತ್ತದೆ. ಹಾಡುವ ಮುದುಕಿ ಮಾಸಾಶನದ ಅರ್ಜಿ ಹಿಡಿದು ಕಚೇರಿ ಮೆಟ್ಟಿಲು ಎಣಿಸಬೇಕು.

ಕೊರಿಯಾದವರ ಹದಿಮೂರು ವರ್ಷದ ಕರಾರನ್ನು ಅವರ ಕೋರ್ಟೇ ಪ್ರಶ್ನಿಸಿತು, ನಾವು ತರಬೇಕಿಲ್ಲ. ಹನ್ನಿಗೆ ಅವರು ಮಾಡಿದ ಅನ್ಯಾಯ ನಮ್ಮಲ್ಲಿ ಆಗಲೇ ಧಾರಾಳವಾಗಿದೆ. ಆದರೆ ಅವರು ಮಾಡುವ ಒಂದು ಕೆಲಸ ನಾವು ಮಾಡುವುದಿಲ್ಲ. ಚಪ್ಪಾಳೆ ಬೀಳುವ ಎಷ್ಟೋ ವರ್ಷ ಮೊದಲೇ ಅವರು ಮಗುವಿಗೆ ಗುರುವನ್ನು ಗೊತ್ತು ಮಾಡಿ ಆ ಗುರುವಿಗೆ ಸಂಬಳ ಕೊಡುತ್ತಾರೆ. 2009ರಲ್ಲಿ ಅಲ್ಲಿಯ ಸರ್ಕಾರ ಇಂಥ ಉದ್ಯಮಗಳನ್ನು ಬೆಳೆಸಲೆಂದೇ ಒಂದು ಸಂಸ್ಥೆ ಕಟ್ಟಿತು. ನಮ್ಮಲ್ಲಿ 2010ರಲ್ಲಿ ಅದಿರು ರಫ್ತಿಗೆ ನಿಷೇಧ ಬಂದು 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆಯುವ ತನಕ, ಮಣ್ಣನ್ನು ಹಾಗೇ ಮಾರಬೇಕೋ ಕರಗಿಸಿ ಮಾರಬೇಕೋ ಎಂಬ ವಾದ ನಡೆಯಿತು. ಮಕ್ಕಳ ಬಗ್ಗೆ ಅಷ್ಟು ವಾದವೂ ನಡೆದಿಲ್ಲ.

ಆದ್ದರಿಂದ ಜಿಲ್ಲಾಡಳಿತದ ಮಹನೀಯರಲ್ಲಿ ಒಂದೇ ಅರಿಕೆ. ಮುಂದಿನ ಹಂಪಿ ಉತ್ಸವದ ದೊಡ್ಡ ವೇದಿಕೆಯಲ್ಲಿ, ಜನ ತುಂಬಿರುವ ರಾತ್ರಿ ಎಂಟು ಗಂಟೆಗೆ, ಈ ಸೀಮೆಯ ಬುರ್ರಕಥೆಯವರಿಗೆ ಒಂದು ತಾಸು ಕೊಡಿ. ಸಂಭಾವನೆಯನ್ನು ಅವರು ವೇದಿಕೆ ಇಳಿಯುವ ಮೊದಲೇ ಕೈಗಿಡಿ, ಶಾಲು ಇಲ್ಲದಿದ್ದರೂ ನಡೆಯುತ್ತದೆ. ಮರುದಿನದಿಂದ ಹತ್ತು ಮಕ್ಕಳಿಗೆ ಅದನ್ನು ಕಲಿಸಲು ಅವರನ್ನೇ ಸಂಬಳ ಕೊಟ್ಟು ನೇಮಿಸಿ. ಅಷ್ಟು ಮಾಡಲಾಗದಿದ್ದರೆ, ನಮ್ಮ ಹುಡುಗಿಯರು ಯಾವ ದೇಶದ ಹಾಡು ಕೇಳುತ್ತಾರೆಂದು ತಕರಾರು ತೆಗೆಯುವ ಹಕ್ಕು ನಮಗಿಲ್ಲ.