ಪಾವು ಕಿಲೋ ಪುರಾಣ

ಗೋವೆಯಲ್ಲಿ ಈಗ ಎರಡು ಸದ್ದುಗಳಿಂದ ಬೆಳಗಾಗುತ್ತದೆ. ಒಂದು, ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬರುವ ಪೊದೇರನ, ಅಂದರೆ ಬ್ರೆಡ್ಡಿನವನ, ಪೋಂ ಪೋಂ ಹಾರ್ನು. ಇನ್ನೊಂದು, ದಿಂಬಿನ ಪಕ್ಕದ ಫೋನು 'ನಿನ್ನೆ ರಾತ್ರಿಯ ಊಟ ದಾಖಲಾಗಿಲ್ಲ' ಎಂದು ಮಾಡುವ ಟಿಣ್. ಪೊದೇರ್ ಬಿಸಿ ಪೊಯಿ ಬ್ರೆಡ್ಡು ಕೊಟ್ಟು, ಚಿಲ್ಲರೆ ತೆಗೆದುಕೊಂಡು ಹೋಗುತ್ತಾನೆ. ಸಂಜೆ ಮತ್ತೆ ಬರುತ್ತಾನೆ. ಫೋನು ಏನನ್ನೂ ಕೊಡುವುದಿಲ್ಲ, ಎಲ್ಲಿಗೂ ಹೋಗುವುದೂ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ, ಅಂಗಡಿಯ ಬಾಗಿಲುಗಳೆಲ್ಲ ಮುಚ್ಚಿ ಊರಿಗೆ ಊರೇ ಸುಸೆಗಾದ್ ಆಗಿ, ಅಂದರೆ ನಿರಾಳವಾಗಿ, ಅಡ್ಡಾಗಿರುವಾಗ, 'ಎದ್ದು ನಾಲ್ಕು ಹೆಜ್ಜೆ ನಡೆಯಿರಿ' ಎಂದು ಉಪದೇಶ ಮಾಡುವ ಧೈರ್ಯ ಅದಕ್ಕೊಂದಕ್ಕೇ ಇರುವುದು. ತಿಂದದ್ದನ್ನೆಲ್ಲ ಕ್ಯಾಲೊರಿಯಾಗಿ ಎಣಿಸಿ ತೂಕ ಇಳಿಸುತ್ತೇನೆನ್ನುವ ಈ ಆ್ಯಪುಗಳಿಂದ ನಿಜಕ್ಕೂ ತೂಕ ಇಳಿಯುತ್ತದೆಯೇ? ಕೆಲವರಿಗೆ ಇಳಿಯುತ್ತದೆ ಎಂಬುದು ನನ್ನ ವಾದ. ಆದರೆ ಆ ಕೀರ್ತಿ ಎಣಿಕೆಗೆ ಸಲ್ಲಬೇಕಾದದ್ದಲ್ಲ. ಎಣಿಕೆಯ ನೆಪದಲ್ಲಿ ನಡೆಯುವ ಇನ್ನೊಂದು ಹಳೆಯ ಕೆಲಸಕ್ಕೆ ಸಲ್ಲಬೇಕಾದದ್ದು.

ಉಂಡದ್ದನ್ನು ಲೆಕ್ಕ ಹಾಕುವ ಹುಚ್ಚು ಫೋನಿಗಿಂತ ಬಹಳ ಹಿರಿಯದು. ಇಟಲಿಯ ಪಾದುವಾದಲ್ಲಿ ಸಾಂತೋರಿಯೊ ಎಂಬ ವೈದ್ಯ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲೇ ಕೂತು ಊಟ ಮಾಡುತ್ತಿದ್ದ. ಸುಮಾರು ಮೂವತ್ತು ವರ್ಷ ತಿಂದದ್ದು, ಕುಡಿದದ್ದು, ಹೇಳಬಾರದ್ದು ಎಲ್ಲವನ್ನೂ ತೂಗಿ 1614ರಲ್ಲಿ ಪುಸ್ತಕ ಬರೆದ. ಒಳಗೆ ಹೋದಷ್ಟು ಹೊರಗೆ ಬರುವುದಿಲ್ಲ, ಬಹುಪಾಲು ಕಣ್ಣಿಗೆ ಕಾಣದ ಬೆವರಾಗಿ ಹಾರಿಹೋಗುತ್ತದೆ ಎಂದ. 'ಎಲ್ಲಿಗೆ ಹೋಯಿತೋ ತಿಳಿಯದು' ಎಂಬ ಮಾತಿಗೆ ಅಂದೇ ಲ್ಯಾಟಿನ್ ಗೌರವ ಸಿಕ್ಕಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಆಟ್‌ವಾಟರ್ ಆಹಾರವನ್ನು ಸುಟ್ಟು, ಶಾಖ ಅಳೆದು, ಪಿಷ್ಟಕ್ಕೂ ಪ್ರೋಟೀನಿಗೂ ಗ್ರಾಮಿಗೆ 4, ಕೊಬ್ಬಿಗೆ 9 ಎಂಬ ಮಗ್ಗಿ ಕಟ್ಟಿದ. ಇವತ್ತಿನ ಆ್ಯಪುಗಳು ಒಪ್ಪಿಸುವುದೂ ಅದೇ ಮಗ್ಗಿಯನ್ನು. ತಮಾಷೆಯೆಂದರೆ ಆಟ್‌ವಾಟರನಿಗೆ ಇದ್ದ ಚಿಂತೆ ಕೂಲಿಯವರ ಹೊಟ್ಟೆಯನ್ನು ಕಡಿಮೆ ಖರ್ಚಿನಲ್ಲಿ ಹೇಗೆ ತುಂಬಿಸುವುದು ಎಂಬುದು. ಕ್ಯಾಲೊರಿಯನ್ನು ತಿರುಗುಮುರುಗು ಮಾಡಿ, ಎಣಿಸಿ ಎಣಿಸಿ ಸಣ್ಣಗಾಗಿರಿ ಎಂದು ಅಮೆರಿಕದ ಹೆಂಗಸರಿಗೆ ಪುಸ್ತಕ ಬರೆದು ಕಲಿಸಿದವರು ಡಾಕ್ಟರ್ ಲುಲು ಹಂಟ್ ಪೀಟರ್ಸ್, 1918ರಲ್ಲಿ. ಅದೇ 1918ರಲ್ಲಿ ನಮ್ಮ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್, ಸರಿಯಾದ ಆಹಾರವಿಲ್ಲದೆ ಬರುವ ಬೆರಿಬೆರಿ ರೋಗದ ತನಿಖೆಗೆ ಕೂತಿದ್ದರು. ಆ ಪುಟ್ಟ ಘಟಕವೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. 2017ರಲ್ಲಿ ಅದು 528 ಭಾರತೀಯ ಆಹಾರಗಳ ಕೋಷ್ಟಕ ಹೊರತಂದಿತು. ಬೊಜ್ಜು ಕರಗಿಸಲು ನಾವು ಹುಡುಕುವ ಅಂಕಿಗಳ ತವರುಮನೆ ಹೀಗೆ ಬೆರಿಬೆರಿಯ ತನಿಖಾ ಘಟಕ. ಗೋವೆಯಲ್ಲೂ ಕ್ಯಾಲೊರಿಯ ಈ ಎರಡು ಅರ್ಥಗಳು, ಹೊಟ್ಟೆ ತುಂಬಿಸುವುದು ಮತ್ತು ಹೊಟ್ಟೆ ಕರಗಿಸುವುದು, ಅಕ್ಕಪಕ್ಕ ಬಾಳುತ್ತಿವೆ. ವಾಸ್ಕೊದ ಬೈನಾ, ಝುವಾರಿನಗರಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗಿನ ಕಡೆಯಿಂದ ಬಂದು ನೆಲೆಸಿದ ಕನ್ನಡದ ಮಂದಿ ಬಹಳ. ಅಲ್ಲಿ ಸಿಮೆಂಟಿನ ಚೀಲ ಹೊರುವವನಿಗೆ ಕ್ಯಾಲೊರಿಯ ಅರ್ಥ ಇನ್ನೂ ಆಟ್‌ವಾಟರನದೇ: ಮೂರು ಜೋಳದ ರೊಟ್ಟಿ ಮಧ್ಯಾಹ್ನದ ತನಕ ತಡೆಯುತ್ತದೋ ಇಲ್ಲವೋ. ಆ್ಯಪು ತನ್ನ ಯಜಮಾನನನ್ನು ದಿನವಿಡೀ ಗೋಗರೆದು ಮಾಡಿಸಲಾರದ ವ್ಯಾಯಾಮವನ್ನು ಆತ ಬೆಳಗಿನ ಹತ್ತಕ್ಕೇ ಮುಗಿಸಿರುತ್ತಾನೆ, ಅದೂ ಕೂಲಿ ಸಮೇತ.

ಉಳಿದವರ ಸ್ಥಿತಿ ನಗುವಂಥದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಮಧುಮೇಹ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂದಾಗ ಪಟ್ಟಿಯ ತುದಿಯಲ್ಲಿದ್ದದ್ದು ಗೋವೆ: ಶೇ 26.4. ದೇಶದ ಸರಾಸರಿ ಶೇ 11.4. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿನ ಹೆಂಗಸರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವರು ಅಧಿಕ ತೂಕದವರು. ದೇಶದಲ್ಲಿ ನಾಲ್ಕರಲ್ಲೊಂದು ಪಾಲು. ಪ್ರವಾಸಿಗಳು ಬೀಚಿನಲ್ಲಿ ಬಿಟ್ಟುಹೋದ ಹೊಟ್ಟೆಗಳನ್ನು ಇದರಲ್ಲಿ ಸೇರಿಸಿಲ್ಲ. ಆದ್ದರಿಂದ ಗೋವೆಯವನು ಆ್ಯಪು ಇಳಿಸಿಕೊಂಡರೆ ಅದನ್ನು ಷೋಕಿ ಎಂದು ತಳ್ಳಿಹಾಕುವಂತಿಲ್ಲ. ಕೇಳಬೇಕಾದ ಪ್ರಶ್ನೆಯೊಂದೇ, ಇಳಿಸಿಕೊಂಡ ಆ್ಯಪು ಅವನನ್ನು ಇಳಿಸೀತೇ?

ಮೊದಲು ಎಣಿಕೆಯ ಯೋಗ್ಯತೆ ನೋಡೋಣ. ಗೋವೆಯ ಊಟವೆಂದರೆ ಶಿತ್-ಕಡಿ, ಅಂದರೆ ಅನ್ನ ಮತ್ತು ಮೀನಿನ ಸಾರು. ಆ್ಯಪು 'ಮೀನು ಸಾರು, ಮಧ್ಯಮ ಬಟ್ಟಲು ಒಂದು' ಎಂದು ಕೇಳುತ್ತದೆ. ಅದರೊಳಗೆ ತೆಂಗಿನಕಾಯಿ ಎಷ್ಟು? ಕಾಯಿ ತುರಿದು ಅರೆದವಳ ಕಣ್ಣಳತೆಯಷ್ಟು. ಕಣ್ಣಳತೆ ಕಾಯಿಯ ಬೆಲೆಯ ಜೊತೆ, ಬಂದ ನೆಂಟರ ಯೋಗ್ಯತೆಯ ಜೊತೆ, ಕೆಲವೊಮ್ಮೆ ಗಂಡನ ಮೇಲಿನ ಸಿಟ್ಟಿನ ಜೊತೆ ಏರಿಳಿಯುತ್ತದೆ. ಕೊಬ್ಬಿಗೆ ಗ್ರಾಮಿಗೆ 9 ಎಂಬ ಮಗ್ಗಿಯಲ್ಲಿ, ಕಣ್ಣಿಗೆ ಬೀಳದಂತೆ ನುಣ್ಣಗೆ ಅರೆದು ಸೇರಿದ ಕಾಯಿಯೇ ಅರ್ಧ ಊಟವನ್ನು ತೂಗಬಲ್ಲದು. ಇನ್ನು ಬಟ್ಟಲೆಂದರೆ ಯಾವ ಬಟ್ಟಲು? ಮದುವೆಯಲ್ಲಿ ಬಂದ ಸ್ಟೀಲಿನದೋ, ಅಜ್ಜಿಯ ಕಾಲದ ಕಂಚಿನದೋ? 2012ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹೆಲ್ದಿಫೈಮಿ ನಮ್ಮ ಇಡ್ಲಿ, ಚಪಾತಿ, ಪಲ್ಯಗಳನ್ನು ಪಟ್ಟಿಗೆ ತಂದು ದೊಡ್ಡ ಉಪಕಾರ ಮಾಡಿತು, ನಿಜ. ಅದಕ್ಕೆ ಮೊದಲು ವಿದೇಶಿ ಆ್ಯಪಿನಲ್ಲಿ ಉಪ್ಪಿಟ್ಟಿಗೆ ನೆಂಟ ಹುಡುಕಿ ಯಾವುದೋ ಗಂಜಿಯ ಕೆಳಗೆ ಬರೆಯಬೇಕಿತ್ತು. ಆದರೂ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ತಟ್ಟೆಯಲ್ಲಿರುವುದು ಅದೇ ಆಗುವುದಿಲ್ಲ. ಬೆಬಿಂಕವನ್ನೇ ತೆಗೆದುಕೊಳ್ಳಿ. ಮೊಟ್ಟೆಯ ಹಳದಿ, ತೆಂಗಿನ ಹಾಲು, ಸಕ್ಕರೆ, ತುಪ್ಪ ಇವುಗಳನ್ನು ಪದರದ ಮೇಲೆ ಪದರವಾಗಿ, ಸಾಮಾನ್ಯವಾಗಿ ಏಳು ಪದರ, ತಾಳ್ಮೆಯಿಂದ ಬೇಯಿಸಿದ ಸಿಹಿ ಅದು. ಆ್ಯಪು ಕೇಳುವುದು 'ಒಂದು ತುಂಡು?' ಎಂದು. ತುಂಡು ಎಂಬುದು ಗೋವೆಯಲ್ಲಿ ಅಳತೆಯಲ್ಲ, ಕೊಡುವವರ ಮನಸ್ಸು. ಅಳತೆ ಕರಾರುವಾಕ್ಕಾಗಿದ್ದರೂ ಕಥೆ ಮುಗಿಯುವುದಿಲ್ಲ. ಪೋರ್ಚುಗೀಸರು ಬ್ರೆಜಿಲಿನಿಂದ ತಂದು ಗೋವೆಯ ಗುಡ್ಡಗಳಿಗೆಲ್ಲ ಹಬ್ಬಿಸಿದ ಗೇರಿನ ಬೀಜವನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಜನರಿಗೆ ತಿನ್ನಿಸಿ ಪರೀಕ್ಷಿಸಿದರು. 28 ಗ್ರಾಮಿಗೆ ಪೊಟ್ಟಣದ ಲೆಕ್ಕ 163 ಕ್ಯಾಲೊರಿ. ದೇಹ ನಿಜಕ್ಕೂ ಹೀರಿಕೊಂಡದ್ದು 137 ಎಂದು 2018ರಲ್ಲಿ ವರದಿ ಮಾಡಿದರು. ನೂರಕ್ಕೂ ಹೆಚ್ಚು ವರ್ಷಗಳಿಂದ ಗೋಡಂಬಿಯ ಮೇಲೆ ಸುಳ್ಳು ಆರೋಪವಿತ್ತೆಂದಾಯಿತು.

ಸುಳ್ಳಿನ ಮಾತು ಬಂದದ್ದರಿಂದ, ಎಣಿಸುವ ಮನುಷ್ಯನನ್ನೂ ಸಾಕ್ಷಿಕಟ್ಟೆಗೆ ಕರೆಯಬೇಕು. ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎಂದು ಗೋಳಾಡುತ್ತಿದ್ದ ಕೆಲವರನ್ನು ಅಮೆರಿಕದ ಸಂಶೋಧಕರು ನಿಖರವಾಗಿ ಅಳೆದು 1992ರಲ್ಲಿ ಪ್ರಕಟಿಸಿದರು. ಅಧ್ಯಯನ ಸಣ್ಣದು, ಫಲಿತಾಂಶ ದೊಡ್ಡದು: ಅವರು ತಿಂದದ್ದನ್ನು ಶೇ 47ರಷ್ಟು ಕಡಿಮೆ ಹೇಳಿದ್ದರು, ಮಾಡಿದ ಶ್ರಮವನ್ನು ಶೇ 51ರಷ್ಟು ಹೆಚ್ಚು ಹೇಳಿದ್ದರು. ಅವರು ಕಪಟಿಗಳೆಂದು ನನಗನ್ನಿಸುವುದಿಲ್ಲ. ಅಡುಗೆಮನೆಯಲ್ಲಿ ಉಪ್ಪು ನೋಡಲು ಬಾಯಿಗೆ ಹಾಕಿಕೊಂಡದ್ದು ಊಟವಲ್ಲ, ಮಗು ಬಿಟ್ಟ ಅರ್ಧ ಪಾವ್ ಅನ್ನದಾನದ ಲೆಕ್ಕ, ನಿಂತು ತಿಂದದ್ದು ತಿಂದದ್ದೇ ಅಲ್ಲ ಎಂಬ ಶಾಸ್ತ್ರ ನಮ್ಮ ಎಲ್ಲ ಮನೆಗಳಲ್ಲೂ ಇದೆ.

ಹಾಗಾದರೆ ಆ್ಯಪನ್ನೇ ಪರೀಕ್ಷೆಗಿಟ್ಟಾಗ ಏನಾಯಿತು? ಲಾಸ್ ಏಂಜಲೀಸಿನ ವೈದ್ಯರು 212 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೈಫಿಟ್‌ನೆಸ್‌ಪಾಲ್ ಕೊಟ್ಟು, ಇನ್ನೊಂದನ್ನು ಎಂದಿನ ಚಿಕಿತ್ಸೆಯಲ್ಲೇ ಬಿಟ್ಟು ಆರು ತಿಂಗಳು ಕಾದರು. 2014ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಗುಂಪಿಗೂ ಇದ್ದ ವ್ಯತ್ಯಾಸ ಸುಮಾರು 300 ಗ್ರಾಮು, ಲೆಕ್ಕಕ್ಕಿಲ್ಲದ್ದು. ಹುಬ್ಬಳ್ಳಿಯ ಸಂತೆಯ ಭಾಷೆಯಲ್ಲಿ ಪಾವು ಕಿಲೋ, ಮೇಲೆ ಒಂದು ಹಿಡಿ ಕೊಸರು. ಆರು ತಿಂಗಳ ತಪಸ್ಸಿಗೆ ಅಮೆರಿಕದವರಿಗೆ ಸಿಕ್ಕ ಈ ಪಾವನ್ನು ಗೋವೆಯ ಪಾವ್ ಎರಡು ಸಂಜೆಯಲ್ಲಿ ವಾಪಸು ಕೊಟ್ಟೀತು. ಆ ಅಧ್ಯಯನದ ಸೊಗಸು ಇನ್ನೊಂದು ಮಾತಿನಲ್ಲಿದೆ. ಬಳಸಿದವರಲ್ಲಿ ಬಹುಮಂದಿ ಆ್ಯಪಿನ ಬಗ್ಗೆ ತುಂಬ ತೃಪ್ತಿ ತೋರಿಸಿದರು, ಆದರೆ ಮೊದಲ ತಿಂಗಳಾದ ಮೇಲೆ ಅದನ್ನು ತೆರೆಯುವುದನ್ನೇ ಬಹಳ ಕಡಿಮೆ ಮಾಡಿದರು. ನಾವು ಭಾಗವತದ ಪುಸ್ತಕವನ್ನು ಗೌರವಿಸುವ ರೀತಿ ಇದೇ ತಾನೆ? 2016ರ ಇನ್ನೊಂದು ಪರೀಕ್ಷೆಯಲ್ಲಿ 471 ಯುವಜನರಿಗೆ ಪಥ್ಯ, ವ್ಯಾಯಾಮ, ಸಲಹೆ ಎಲ್ಲ ಒದಗಿಸಿ, ಆರು ತಿಂಗಳ ನಂತರ ಅರ್ಧ ಜನರಿಗೆ ಶ್ರಮ ಅಳೆಯುವ ಪಟ್ಟಿಯನ್ನೂ ತೋಳಿಗೆ ಕಟ್ಟಿದರು. ಎರಡು ವರ್ಷಕ್ಕೆ ಪಟ್ಟಿ ಕಟ್ಟಿಕೊಂಡವರು ಇಳಿದದ್ದು 3.5 ಕಿಲೋ, ಪಟ್ಟಿಯಿಲ್ಲದವರು 5.9. ತೋಳಿನಲ್ಲಿ ತಾಯಿತ ಇದೆಯೆಂಬ ಧೈರ್ಯ ಅವರಿಗೆ ಬಂದಿರಬೇಕು ಎಂಬುದು ನನ್ನ ಊಹೆ.

ಇಲ್ಲಿಗೆ ಆ್ಯಪಿನ ಮೇಲೆ ಡಿಕ್ರಿ ಬರೆದು ಏಳಬಹುದಿತ್ತು. ಆದರೆ ವಿರುದ್ಧದ ಸಾಕ್ಷ್ಯವೂ ಗಟ್ಟಿಯಾಗಿದೆ. 2008ರಲ್ಲಿ ಪ್ರಕಟವಾದ, ಸುಮಾರು 1,700 ಜನರನ್ನು ಗಮನಿಸಿದ ಅಧ್ಯಯನದಲ್ಲಿ, ತಿಂದದ್ದನ್ನು ದಿನಾ ಬರೆದಿಟ್ಟವರು ಬರೆಯದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ತೂಕ ಇಳಿಸಿದ್ದರು. 2019ರ ಇನ್ನೊಂದರಲ್ಲಿ, ಆನ್‌ಲೈನಿನಲ್ಲಿ ಬರೆಯುತ್ತಿದ್ದವರು ಮೊದಲ ತಿಂಗಳು ದಿನಕ್ಕೆ 23 ನಿಮಿಷ ಅದಕ್ಕೇ ಕೊಡುತ್ತಿದ್ದರು. ಆರನೆಯ ತಿಂಗಳಿಗೆ ಅದು 15 ನಿಮಿಷಕ್ಕೂ ಕಡಿಮೆಯಾಯಿತು. ಗಮನಿಸಬೇಕಾದದ್ದು, ಗೆದ್ದವರನ್ನು ಬೇರ್ಪಡಿಸಿದ್ದು ಎಷ್ಟು ಹೊತ್ತು ಬರೆದರು ಎಂಬುದಾಗಿರಲಿಲ್ಲ, ದಿನಕ್ಕೆ ಎಷ್ಟು ಸಲ ಬರೆದರು ಎಂಬುದಾಗಿತ್ತು. ನನ್ನ ವಾದದ ಗೂಟ ಇದೇ. ಬೆಬಿಂಕಕ್ಕೆ 200ರ ಬದಲು 350 ಎಂದು ಬರೆದರೂ ಕೆಲಸ ನಡೆಯುತ್ತದೆ. ಬರೆಯಲು ಕೈ ತಡೆದು ನಿಂತ ಆ ಒಂದು ಗಳಿಗೆಯೇ ಔಷಧ. ಕಿರಾಣಿ ಅಂಗಡಿಯ ಉದ್ರಿ ಖಾತೆಯ ಪುಸ್ತಕ ಬಲ್ಲವರಿಗೆ ಇದು ಹೊಸದಲ್ಲ. ಶೆಟ್ಟರು ಪೆನ್ಸಿಲು ಕಿವಿಯಿಂದ ಇಳಿಸಿ 'ಏನು ಬರೀಲಿ?' ಎಂದು ಕೇಳಿದ ಕೂಡಲೇ ಅರ್ಧ ಸಾಮಾನು ತಾನಾಗಿ ವಾಪಸು ಹೋಗುತ್ತದೆ. ಬೆಲೆ ಗೊತ್ತಿರಲಿಲ್ಲವೆಂದಲ್ಲ. ಹೆಸರಿನ ಕೆಳಗೆ ಸಾಲು ಬೀಳುತ್ತದಲ್ಲ, ಅದು ಚುಚ್ಚುತ್ತದೆ.

ಇದಕ್ಕೆ ಬುದ್ಧಿವಂತರು ಹೇಳಬಹುದು: ದಿನಾ ಬರೆಯುವಷ್ಟು ಹಟವಿದ್ದವನು ಬರೆಯದಿದ್ದರೂ ಇಳಿಯುತ್ತಿದ್ದ, ಪೆನ್ಸಿಲಿಗೆ ಯಾಕೆ ಕೀರ್ತಿ? ಆಕ್ಷೇಪ ಸರಿಯಾಗಿದೆ, ಆ ಅಧ್ಯಯನಗಳು ಇದನ್ನು ಪೂರ್ತಿ ಬಿಡಿಸಲಾರವು. ಒಪ್ಪಿದೆ, ಆದರೆ ಹಾಗೆ ಒಪ್ಪಿದಷ್ಟೂ ಆ್ಯಪಿನ ಪಾಲು ಇನ್ನೂ ಕುಗ್ಗುತ್ತದೆ, ನನ್ನ ವಾದಕ್ಕೆ ನಷ್ಟವಿಲ್ಲ. 'ನಮ್ಮ ಭಾವ ಆ್ಯಪಿನಿಂದಲೇ ಹನ್ನೆರಡು ಕಿಲೋ ಇಳಿದ್ರು' ಎನ್ನುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಇಳಿದಿರಲೂಬಹುದು. ಇಳಿಯದ ಹತ್ತು ಭಾವಂದಿರು ಮದುವೆಮನೆಯಲ್ಲಿ ಈ ವಿಷಯ ಎತ್ತುವುದಿಲ್ಲ, ಅಷ್ಟೇ. ಅಂಕಿಯಿಂದ ಏನೂ ಪ್ರಯೋಜನವಿಲ್ಲವೇ ಎಂದರೆ, ಇದೆ: ಎರಡು ವಾರದ ಪಾಠಶಾಲೆಯಾಗಿ. ಹುರಿದ ಗೋಡಂಬಿಯ ಹಿಡಿ ಹಗುರವಲ್ಲ, ಗೇರುಹಣ್ಣಿನ ಮದ್ಯವಾದ ಉರಾಕಿನ ಜೊತೆಯ ಲಿಂಬು ಸೋಡವೂ ಲೆಕ್ಕಕ್ಕೆ ಬರುತ್ತದೆ, ಕುಡಿದದ್ದರಲ್ಲೂ ಗ್ರಾಮಿಗೆ 7 ಇದೆ ಎಂಬುದನ್ನು ತಿಳಿಯಲು ಅಷ್ಟು ಸಾಕು. ಮಗ್ಗಿ ಬಾಯಿಪಾಠ ಆದಮೇಲೂ ಶಾಲೆಗೆ ಹೋಗುತ್ತಲೇ ಇರುವುದು ಯಾಕೆ?

ಒಂದು ಆಕ್ಷೇಪಕ್ಕೆ ಮಾತ್ರ ತಲೆಬಾಗಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಊಟದ ಪಿಷ್ಟದ ಲೆಕ್ಕ ಹವ್ಯಾಸವಲ್ಲ, ಡೋಸಿನ ಪ್ರಶ್ನೆ; ಶೇ 26ರ ಗೋವೆಯಲ್ಲಿ ಅಂಥವರು ವೈದ್ಯರ ಜೊತೆ ಕೂತು ಎಣಿಸಲೇಬೇಕು. ಹಾಗೆಯೇ ಅನ್ನ ಕಂಡರೆ ಅಂಕಿಯಷ್ಟೇ ಕಾಣುವಂತಾಗಿ, ಊಟವೇ ಬೇಡವಾಗುವ ಹರೆಯದ ಮಕ್ಕಳಿಂದ ಈ ಆ್ಯಪನ್ನು ದೂರವಿಡಬೇಕು. ಈ ಎರಡರಲ್ಲೂ ನಗುವಂಥದ್ದೇನಿಲ್ಲ.

ಕೊನೆಯದಾಗಿ ಹೊಸ ತಂತ್ರದವರು ಎದ್ದು ನಿಲ್ಲುತ್ತಾರೆ: ಬರೆಯುವ ಕಷ್ಟವೇ ಬೇಡ, ತಟ್ಟೆಯ ಫೋಟೊ ತೆಗೆದರೆ ಸಾಕು, ಮಿಕ್ಕದ್ದನ್ನು ಕೃತಕ ಬುದ್ಧಿ ನೋಡಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಸಾರಿನ ಮೇಲಿನ ಬಂಗಡೆ ಕಾಣುತ್ತದೆ, ಅರೆದ ಕಾಯಿ ಕಾಣುವುದಿಲ್ಲ ಎಂಬುದಿರಲಿ. ಕೈ ತಡೆದು ನಿಲ್ಲುವ ಗಳಿಗೆಯನ್ನೇ ಉಳಿತಾಯ ಮಾಡಿಕೊಟ್ಟರೆ ಔಷಧ ಚೆಲ್ಲಿ ಬಾಟಲಿ ಕೊಟ್ಟ ಹಾಗೆ. ಉಣ್ಣುವ ಮೊದಲು ಫೋಟೊ ತೆಗೆದರೆ ತೂಕ ಇಳಿಯುವುದಾದರೆ, ಕಲಂಗುಟದ ಕಡಲತೀರದಿಂದ ಪ್ರವಾಸಿಗಳು ಗಾಳಿಗೆ ಹಾರಿಹೋಗಬೇಕಿತ್ತು. ನಮ್ಮ ಗಾದೆ ಇನ್ನೂ ಅಗ್ಗದ ಆ್ಯಪು: ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನನ್ನು ಹೊತ್ತುಕೊಂಡು ಹೋಗಿ. ಅದು ಹೊತ್ತನ್ನು ಎಣಿಸಿತು, ಕ್ಯಾಲೊರಿಯನ್ನು ಎಣಿಸಲಿಲ್ಲ. ಸಂಜೆಯ ಪೊದೇರನ ಪರಿಚಯವೂ ಅದಕ್ಕಿರಲಿಲ್ಲ. ಆದ್ದರಿಂದ ಫೋನು ಬೇಕಿದ್ದವರು ಫೋನು ಹಿಡಿಯಿರಿ, ಇಲ್ಲದವರು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆಯಿರಿ. ಅಂಕಿ ಬೇಡ. 'ಬೆಬಿಂಕ, ಒಂದು' ಎಂದಷ್ಟೇ ಬರೆಯಿರಿ, ತಿನ್ನುವ ಮೊದಲು. ಎರಡನೆಯ ತುಂಡಿಗೆ ಇನ್ನೊಂದು ಸಾಲು ಬೇಕಾಗುತ್ತದೆ.