ದುಡ್ಡು ಕೊಟ್ಟು ಕೂಲಿ

ದುಡ್ಡು ಕೊಟ್ಟು ಕೂಲಿ ಮಾಡುವ ಜನ ಈ ಜಗತ್ತಿನಲ್ಲಿದ್ದಾರೆ ಎಂದರೆ ನಮ್ಮ ಸಾಗರದ ಕಡೆಯ ಅಡಿಕೆ ತೋಟದವರು ನಂಬುವುದಿಲ್ಲ. ನಂಬಿದವರು, ‘ಅವರ ಫೋನ್ ನಂಬರ್ ಇದ್ದರೆ ಕೊಡಿ’ ಅನ್ನುತ್ತಾರೆ. ಕೊಯ್ಲಿನ ಹೊತ್ತಿಗೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಮರ್ಜಿ ಕಾಯುತ್ತ ಅಂಗಳದಲ್ಲಿ ಶತಪಥ ಹಾಕುವವರಿಗೆ ಈ ಆಸೆ ಹುಟ್ಟುವುದು ಸಹಜವೇ. ವಿಮಾನದ ಟಿಕೆಟ್ಟು ತಾನೇ ತೆಗೆಸಿ, ನೋಂದಣಿ ಶುಲ್ಕ ಕಟ್ಟಿ, ಹಾಸಿಗೆ ಚೀಲವನ್ನೂ ಬೆನ್ನಿಗೇರಿಸಿಕೊಂಡು ಬಂದು, ಪರದೇಶದ ಬಿಸಿಲಲ್ಲಿ ಕಲ್ಲು ಹೊತ್ತು, ಹೊರಡುವಾಗ ‘ನಿಮ್ಮಿಂದ ತುಂಬ ಉಪಕಾರವಾಯಿತು’ ಎಂದು ತಾನೇ ಹೇಳಿ ಹೋಗುವ ಆಳು ಯಾರಿಗೆ ಬೇಡ?

ಇದಕ್ಕೆ ವರ್ಕ್ ಕ್ಯಾಂಪ್ ಅಂತ ಹೆಸರು. ಹತ್ತು ಹದಿನೈದು ಜನ, ಏಳೆಂಟು ದೇಶದವರು, ಎರಡು ಮೂರು ವಾರ ಒಂದು ಹಳ್ಳಿಯಲ್ಲಿ ಇದ್ದು, ದಿನಕ್ಕೆ ಐದಾರು ಗಂಟೆ ಕೆಲಸ ಮಾಡುವುದು. ಊಟ ಮತ್ತು ಸೂರು ಊರಿನವರದು, ಉಳಿದದ್ದೆಲ್ಲ ನಮ್ಮದು. ಸೂರು ಎಂದರೆ ರಜೆಯಲ್ಲಿ ಖಾಲಿ ಬಿದ್ದ ಶಾಲೆಯ ನೆಲ. ಕೆಲಸ ಎಂದರೆ ಪಾಳುಬಿದ್ದ ಕೋಟೆಯ ರಿಪೇರಿ, ಕಾಡಿನ ಕಾಲುದಾರಿ ಸವರುವುದು, ಜಾತ್ರೆಗೆ ವೇದಿಕೆ ಕಟ್ಟುವುದು, ಹೀಗೆ. ನಿವೃತ್ತಿಯಾದ ಮೇಲೆ ನಾನೂ ಈ ಗುಂಪಿಗೆ ಸೇರಿ ದಕ್ಷಿಣ ಫ್ರಾನ್ಸಿನ ಸೆವೆನ್ ಎಂಬ ಬೆಟ್ಟಸೀಮೆಗೆ ಗೋಡೆ ಕಟ್ಟಲು ಹೋಗಿದ್ದೆ. ಸುದ್ದಿ ಕೇಳಿದ ನಮ್ಮ ಯಜಮಾನರು ಪೇಪರು ಕೆಳಗಿಟ್ಟು, ‘ಹಿತ್ತಿಲ ಪಾಗಾರ ಬಿದ್ದು ಎರಡು ಮಳೆಗಾಲ ಆತು. ಅದನ್ನ ಹಾಗೇ ಬಿಟ್ಟು ಫ್ರಾನ್ಸಿನವರ ಗೋಡೆ ಕಟ್ತೀಯಾ ಮಾರಾಯ್ತಿ?’ ಎಂದರು. ಉತ್ತರ ಕೊಡಲಾಗದ ಪ್ರಶ್ನೆಗಳಿಗೆ ಕಾಫಿ ಕೊಡುವುದು ನಮ್ಮ ಮನೆಯ ಪದ್ಧತಿ.

ನನಗೇನೂ ಈ ವಿದ್ಯೆ ಹೊಸದಲ್ಲ. ಕಾಲೇಜಿನಲ್ಲಿ ಬಹುಕಾಲ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್ನೆಸ್ಸೆಸ್‌ನ, ಅಧಿಕಾರಿಯಾಗಿದ್ದವಳು. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಶುರುವಾದ ಈ ಯೋಜನೆಯ ಏಳು ದಿನಗಳ ವಿಶೇಷ ಶಿಬಿರವನ್ನು ನೋಡದ ಹಳ್ಳಿ ನಮ್ಮಲ್ಲಿ ಅಪರೂಪ. ಬೆಳಿಗ್ಗೆ ಧ್ವಜಾರೋಹಣ, ಉಪ್ಪಿಟ್ಟು, ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಇಂಗುಗುಂಡಿ ತೋಡಿಸುವುದು ಸುಲಭ, ಅದರ ಉದ್ಘಾಟನೆಗೆ ಬರುವವರ ಹೆಸರುಗಳನ್ನು ಆಮಂತ್ರಣ ಪತ್ರಿಕೆಯಲ್ಲಿ ಯಾರಿಗೂ ನೋವಾಗದ ಕ್ರಮದಲ್ಲಿ ಅಚ್ಚು ಹಾಕಿಸುವುದು ಕಷ್ಟ. ಗುಂಡಿಗಿಂತ ಬ್ಯಾನರಿನ ಖರ್ಚು ಹೆಚ್ಚಾದ ಶಿಬಿರಗಳನ್ನೂ ಕಂಡಿದ್ದೇನೆ. ಫ್ರಾನ್ಸಿನಲ್ಲಿ ಮೊದಲ ದಿನ ನನಗೆ ಗಾಬರಿಯಾದದ್ದೇ ಇದಕ್ಕೆ: ಸ್ವಾಗತವಿಲ್ಲ, ಪ್ರಾಸ್ತಾವಿಕವಿಲ್ಲ, ಹಾರವಿಲ್ಲ. ಗೋಡೆಗೆ ಒರಗಿಸಿಟ್ಟ ಹಾರೆ, ಸುತ್ತಿಗೆ, ತಳ್ಳುಗಾಡಿ ಮಾತ್ರ. ಅಧ್ಯಕ್ಷರೇ ಇಲ್ಲದೆ ಕೆಲಸ ಹೇಗೆ ಆರಂಭವಾದೀತು ಎಂದು ನಾನು ಯೋಚಿಸುತ್ತಿರುವಾಗಲೇ ಅದು ಆರಂಭವಾಗಿಬಿಟ್ಟಿತ್ತು.

ಇದನ್ನೆಲ್ಲ ಹುಟ್ಟುಹಾಕಿದವನೂ ಭಾಷಣ ಬೇಡದ ಆಸಾಮಿಯೇ. ಪಿಯರ್ ಸೆರೆಸೋಲ್, ಸ್ವಿಟ್ಜರ್ಲೆಂಡಿನವನು, 1879ರಲ್ಲಿ ಹುಟ್ಟಿದವನು. ಅಪ್ಪ ದೇಶದ ಅಧ್ಯಕ್ಷರಾಗಿದ್ದವರು. ಮಗ ಎಂಜಿನಿಯರ್, ಸೈನ್ಯದ ತೆರಿಗೆ ಕಟ್ಟುವುದಿಲ್ಲ ಎಂದು ಜೈಲಿಗೆ ಹೋದವನು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರ ಕೊನೆಯಲ್ಲಿ, ವೆರ್ಡನ್ ರಣರಂಗದ ಹತ್ತಿರ ಗುಂಡಿನೇಟಿಗೆ ನೆಲಸಮವಾಗಿದ್ದ ಎಸ್ನ್ ಎಂಬ ಹಳ್ಳಿಗೆ ಕೆಲವೇ ಗೆಳೆಯರೊಂದಿಗೆ ಹೋದ. ಅವರಲ್ಲಿ ಜರ್ಮನರೂ ಇದ್ದರು. ಕೆಡವಿದವರ ಕಡೆಯವರೇ ಬಂದು ಕಟ್ಟಿಕೊಡಬೇಕು ಎಂಬುದು ಅವನ ಲೆಕ್ಕ. ಚಳಿಯಲ್ಲಿ ಮರದ ಮನೆಗಳನ್ನು ನಿಲ್ಲಿಸಿದರು, ಹೊಲದಲ್ಲಿ ಶೆಲ್ಲು ಬಿದ್ದ ಗುಂಡಿಗಳನ್ನು ಮುಚ್ಚಿದರು. ಜರ್ಮನರ ಕೈ ನಮಗೆ ಬೇಡ ಎಂದು ಅಲ್ಲಿನ ಅಧಿಕಾರಸ್ಥರು ಪಟ್ಟು ಹಿಡಿದಾಗ, 1921ರ ವಸಂತದ ಹೊತ್ತಿಗೆ ಎಲ್ಲರೂ ಹೊರಟುಹೋದರು. ಲೋಕದ ಮೊದಲ ವರ್ಕ್ ಕ್ಯಾಂಪು ಹೀಗೆ ಅರ್ಧಕ್ಕೇ ನಿಂತಿತು. ಆದರೂ ಅದರಿಂದಲೇ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಬೆಳೆಯಿತು. 1928ರಲ್ಲಿ ರೈನ್ ನದಿಯ ನೆರೆಯಿಂದ ಹೂಳು ತುಂಬಿದ್ದ ಲಿಕ್ಟನ್‌ಸ್ಟೈನಿನ ಹೊಲಗಳನ್ನು ಬಿಡಿಸಲು ಏಳುನೂರಕ್ಕೂ ಹೆಚ್ಚು ಜನ ಬಂದರು. ಸೆರೆಸೋಲನ ಅಣ್ಣತಮ್ಮಂದಿರಲ್ಲಿ ಒಬ್ಬ ಸೈನ್ಯದ ಕರ್ನಲ್, ಅವನೂ ಈ ಶಿಬಿರಗಳಲ್ಲಿ ಕೈಜೋಡಿಸಿದವನು. ಬೆಳಿಗ್ಗೆ ಆರಕ್ಕೆ ಎಬ್ಬಿಸುವ ಚಾಳಿ ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ಸಂಶೋಧನೆ ಬೇಡ.

ಆ ಕಾಲದ ಶಿಬಿರಗಳಲ್ಲಿ ಹೆಂಗಸರೂ ಇದ್ದರು. ಅವರನ್ನು ಗೌರವದಿಂದ ‘ಸೋದರಿಯರು’ ಎಂದು ಕರೆದು, ಅಷ್ಟೇ ಗೌರವದಿಂದ ಅಡುಗೆಮನೆಗೆ ಮತ್ತು ಬಟ್ಟೆ ಒಗೆಯಲು ಕಳಿಸುತ್ತಿದ್ದರಂತೆ. ಯುದ್ಧ ಬೇಡ ಎನ್ನುವಷ್ಟು ಕ್ರಾಂತಿ ಮಾಡಿದ ಗಂಡಸರಿಗೂ ಪಾತ್ರೆ ತೊಳೆಯುವಷ್ಟು ಕ್ರಾಂತಿ ಮಾಡಲು ಇನ್ನೂ ಕಾಲ ಬೇಕಾಯಿತು. ಈಗ ಹಾಗಿಲ್ಲ. ಬಾಗಿಲಿಗೆ ಒಂದು ಹಾಳೆ ಅಂಟಿಸಿರುತ್ತಾರೆ: ಇವತ್ತು ಅಡುಗೆ ಯಾರು, ಪಾತ್ರೆ ಯಾರು, ಕಕ್ಕಸು ಯಾರು. ಹೆಸರು ಬಿಟ್ಟು ಬೇರೇನೂ ಅದರಲ್ಲಿಲ್ಲ. ವಯಸ್ಸಿಲ್ಲ, ಡಿಗ್ರಿ ಇಲ್ಲ, ಗಂಡಸು ಹೆಂಗಸು ಅನ್ನುವುದಿಲ್ಲ. ನಮ್ಮ ಕ್ಯಾಂಪಿನ ಮುಂದಾಳು ಇಪ್ಪತ್ತೆರಡರ ಹುಡುಗಿ. ನನ್ನ ಶಿಷ್ಯೆಯರ ಮಕ್ಕಳ ವಯಸ್ಸು. ಅವಳೂ ಸೇರಿ ಎಲ್ಲರೂ ನನ್ನನ್ನು ಬರಿಯ ಹೆಸರು ಹಿಡಿದು ಕರೆದರು. ನಮ್ಮಲ್ಲಿ ಮದುವೆಯಾದ ಮೇಲೆ ಹೆಂಗಸು ಅತ್ತಿಗೆ, ಚಿಕ್ಕಮ್ಮ, ಅತ್ತೆ, ಮೇಡಂ ಎಂದು ಬಡ್ತಿ ಪಡೆಯುತ್ತ ಹೋಗುತ್ತಾಳೆ. ಹೆಸರು ರೇಷನ್ ಕಾರ್ಡಿನಲ್ಲಿ ಉಳಿಯುತ್ತದೆ. ಅಪ್ಪ ಹೋದ ಮೇಲೆ ನನ್ನನ್ನು ಹೆಸರು ಹಿಡಿದು ಕರೆದವರು ಆ ಹುಡುಗರೇ.

ಅಡುಗೆಯ ಸರದಿ ಬಂದಾಗ ಮಾತ್ರ ನನ್ನ ಬೆಲೆ ಏರಿತು. ಜೋಡಿಯಾಗಿ ಸಿಕ್ಕಿದವನು ಜೆಕ್ ಹುಡುಗ, ಈರುಳ್ಳಿ ಹೆಚ್ಚುವಾಗ ಈಜುಗಾರರ ಕನ್ನಡಕ ಹಾಕಿಕೊಂಡವನು. ಕರಿಬೇವಿಲ್ಲ, ಇಂಗಿಲ್ಲ, ಕಾಯಿತುರಿ ಪ್ಯಾಕೆಟ್ಟಿನ ಒಣ ಪುಡಿ. ಅದರಲ್ಲೇ ಚಿತ್ರಾನ್ನ ಕಲಸಿ, ಊರಿನಿಂದ ಒಯ್ದ ಸಾರಿನ ಪುಡಿಯಲ್ಲಿ ಟೊಮೆಟೊ ಸಾರು ಮಾಡಿದೆ. ಸ್ಪೇನಿನ ಹುಡುಗಿಯರು ಸಾರನ್ನು ಲೋಟಕ್ಕೆ ಹಾಕಿಕೊಂಡು ಮೂರು ಸಲ ಕುಡಿದರು. ಕೊರಿಯಾದವನು ಮಿಡಿ ಉಪ್ಪಿನಕಾಯಿಯ ಬಾಟ್ಲಿಯನ್ನು ತನ್ನ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡು ವಾಪಸು ಕೊಡಲಿಲ್ಲ. ನಮ್ಮ ದೇಶದ ತತ್ವಶಾಸ್ತ್ರದ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಗೋಡೆಯ ಮಾತು ಹೇಳದಿದ್ದರೆ ಹೇಗೆ? ಸೆವೆನ್ ಬೆಟ್ಟಗಳ ಇಳಿಜಾರನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು, ಒಂದೊಂದು ಮೆಟ್ಟಿಲಿಗೂ ಕಲ್ಲಿನ ಕಟ್ಟಣೆ ಹಾಕಿ, ಹಿಂದಿನವರು ಅಲ್ಲಿ ಚೆಸ್ಟ್‌ನಟ್ ಮರ, ಹಿಪ್ಪುನೇರಳೆ ಬೆಳೆದಿದ್ದರು. ಜನ ಪೇಟೆ ಸೇರಿದ ಮೇಲೆ ಕಟ್ಟಣೆಗಳು ಕುಸಿದವು. ಗಾರೆ, ಸಿಮೆಂಟು ಯಾವುದೂ ಇಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲು ಕೂರಿಸುವ ಈ ಕಸುಬನ್ನು 2018ರಲ್ಲಿ ಯುನೆಸ್ಕೊ ಫ್ರಾನ್ಸ್ ಸೇರಿ ಯುರೋಪಿನ ಎಂಟು ದೇಶಗಳ ಹೆಸರಿನಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮೇಸ್ತ್ರಿ ಎಪ್ಪತ್ತು ದಾಟಿದ ಮುದುಕ; ಫ್ರೆಂಚ್ ಬಿಟ್ಟರೆ ಅವನಿಗೆ ಬರುವ ಇನ್ನೊಂದು ಭಾಷೆ ಗೊಣಗುವುದು. ನಾವೆಲ್ಲ ಅಗಲವಾದ ಚೆಂದದ ಕಲ್ಲು ಸಿಕ್ಕಿದರೆ ಅದರ ಅಗಲ ಹೊರಗೆ ಕಾಣುವ ಹಾಗೆ ಇಟ್ಟು, ಹಿಂದೆ ಸರಿದು ನೋಡಿ, ಫೋಟೋ ತೆಗೆಯುತ್ತಿದ್ದೆವು. ಅವನು ಬಂದು ಮಾತಿಲ್ಲದೆ ಅದನ್ನು ಕಿತ್ತು, ಉದ್ದವನ್ನು ಗೋಡೆಯ ಒಳಕ್ಕೆ ತೂರಿಸಿ, ಗಿಡ್ಡ ಮೂತಿ ಮಾತ್ರ ಹೊರಗೆ ಬರುವಂತೆ ಕೂರಿಸುತ್ತಿದ್ದ. ಸಂದಿಗೆ ಚಿಕ್ಕ ಕಲ್ಲು ಜಡಿದು, ಬೂಟುಗಾಲಲ್ಲಿ ಅದರ ಮೇಲೆ ನಿಂತು ಒಂದು ಸಲ ಮೈ ಅಲ್ಲಾಡಿಸುತ್ತಿದ್ದ. ಕಲ್ಲು ಕದಲಿದರೆ ಮತ್ತೆ ಬಿಚ್ಚು. ಕೈಗೆತ್ತಿಕೊಂಡ ಕಲ್ಲನ್ನು ವಾಪಸು ರಾಶಿಗೆ ಹಾಕುವಂತಿಲ್ಲ, ಎಲ್ಲಾದರೂ ಅದಕ್ಕೆ ಜಾಗ ಹುಡುಕಲೇಬೇಕು. ಸಂದಿಯಲ್ಲಿ ನೀರು ಬಸಿದುಹೋಗುವುದರಿಂದ ಶರತ್ಕಾಲದ ಜಡಿಮಳೆಗೂ ಈ ಗೋಡೆ ನಿಲ್ಲುತ್ತದೆ. ಸಿಮೆಂಟು ಮೆತ್ತಿದ್ದು ನೀರು ಕಟ್ಟಿ ಹೊಟ್ಟೆ ಬಿಟ್ಟುಕೊಳ್ಳುತ್ತದೆ. ಮಲೆನಾಡಿನವಳಾದ ನನಗೆ ಇದನ್ನು ಅನುವಾದಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಹಿಪ್ಪುನೇರಳೆ ಎಂದೆನಲ್ಲ, ಅದಕ್ಕೂ ನಮಗೂ ಒಂದು ನಂಟಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಸೀಮೆ ರೇಷ್ಮೆಯಿಂದಲೇ ಬದುಕುತ್ತಿತ್ತು. ಪೆಬ್ರಿನ್ ರೋಗ ಬಂದು ಹುಳುಗಳು ಸಾಯತೊಡಗಿದಾಗ, 1865ರಲ್ಲಿ ಲೂಯಿ ಪಾಶ್ಚರ್ ಇಲ್ಲಿನ ಅಲೆಸ್ ಊರಿಗೆ ಬಂದ. ರೇಷ್ಮೆ ಹುಳುವಿನ ಬಗ್ಗೆ ಅವನಿಗೆ ಅಲ್ಲಿಯವರೆಗೆ ಏನೇನೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಒದ್ದಾಡಿ, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಮೊಟ್ಟೆ ಸುಡುವ ಉಪಾಯ ಕಂಡುಕೊಂಡ. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ತಾಯಿ ಚಿಟ್ಟೆಯನ್ನು ಹಾಗೆಯೇ ಪರೀಕ್ಷಿಸುತ್ತಾರೆ. ನಾನುಟ್ಟ ಮೈಸೂರು ರೇಷ್ಮೆ ಸೀರೆಗಳ ಸಾಲ ಈ ಬೆಟ್ಟದಲ್ಲಿ ಬಾಕಿಯಿತ್ತು ಎಂದುಕೊಂಡ ಮೇಲೆ ಕಲ್ಲುಗಳ ಭಾರ ಸ್ವಲ್ಪ ಕಮ್ಮಿಯಾಯಿತು.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತಲ್ಲ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯವರು, ನಾಳೆ ನಮ್ಮದಕ್ಕೆ ನೀವು. ದುಡ್ಡಿನ ಮಾತಿಲ್ಲ, ಲೆಕ್ಕ ಮಾತ್ರ ಯಾರೂ ಮರೆಯುವುದಿಲ್ಲ. ಕ್ಯಾಂಪೂ ಹೀಗೆ ನಡೆದಾಗಲೇ ಚೆನ್ನ. ಸೆರೆಸೋಲನೇ ಭಾರತಕ್ಕೆ ಬಂದಿದ್ದ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಬಂದು, ಗಾಂಧೀಜಿಯವರನ್ನೂ ರಾಜೇಂದ್ರ ಪ್ರಸಾದರನ್ನೂ ಕಂಡು, ಮುಜಫರಪುರದ ಕಡೆ ನೆರೆಗೆ ಸಿಕ್ಕುವ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸಾಗಿಸುವ ಕೆಲಸವನ್ನು ಕೆಲವು ಗೆಳೆಯರೊಂದಿಗೆ ಮಾಡಿದ. ಈಚಿನ ವರ್ಷಗಳಲ್ಲೂ ಬೆಂಗಳೂರಿನ ಎಫ್‌ಎಸ್‌ಎಲ್ ಇಂಡಿಯಾ ಸಂಸ್ಥೆಯ ಮೂಲಕ ಹೊರದೇಶದ ಹುಡುಗರು ಬಂದು ಕುಂದಾಪುರದ ಕಡಲತೀರದಲ್ಲಿ ಕಡಲಾಮೆಗಳ ಕೆಲಸಕ್ಕೆ ಕೈ ಹಚ್ಚಿದ್ದಾರೆ. ಮುಯ್ಯಿ ತೀರಿಸಲು ನಾವು ಹೊರಟರೆ ಮಾತ್ರ ವೀಸಾ ಅಡ್ಡ ಬರುತ್ತದೆ. ಬ್ಯಾಂಕಿನ ಪಾಸ್‌ಬುಕ್ಕು, ವಾಪಸು ಬರುವ ಟಿಕೆಟ್ಟು, 30,000 ಯೂರೋಗಳ ವಿಮೆ. ಪುಕ್ಕಟೆ ದುಡಿಯಲು ಹೋಗುವವಳು ಅಲ್ಲೇ ಉಳಿದುಬಿಡುವುದಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಬೇಕು. ಉಳಿದುಬಿಟ್ಟರೆ ಪಾತ್ರೆ ಸರದಿಯೂ ಉಳಿಯುತ್ತದಲ್ಲ, ಅದನ್ನು ಯಾರೂ ಯೋಚಿಸುವುದಿಲ್ಲ.

ಮುಯ್ಯಿ ಮರೆತು ‘ಉದ್ಧಾರ’ ಶುರುವಾದಲ್ಲಿ ಎಡವಟ್ಟು. 1968ರಲ್ಲಿ ಇವಾನ್ ಇಲಿಚ್ ಎಂಬ ಚಿಂತಕ, ಮೆಕ್ಸಿಕೊದ ಹಳ್ಳಿಗಳಿಗೆ ಸೇವೆ ಮಾಡಲು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡೇ ಬೈದಿದ್ದ: ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬುದು ಅವನ ಮಾತಿನ ಸಾರ. ತಾಂಜಾನಿಯಾಕ್ಕೆ ಶಾಲಾ ಹುಡುಗಿಯಾಗಿ ಹೋಗಿದ್ದ ಅಮೆರಿಕದ ಲೇಖಕಿಯೊಬ್ಬಳು 2014ರಲ್ಲಿ ಬರೆದದ್ದು ಇನ್ನೂ ಮಜವಾಗಿದೆ. ಅವಳೂ ಜೊತೆಗಾರರೂ ಹಗಲೆಲ್ಲ ಕಟ್ಟಿದ ಸೊಟ್ಟ ಇಟ್ಟಿಗೆ ಗೋಡೆಯನ್ನು ಊರಿನ ಗಂಡಸರು ರಾತ್ರಿ ಬಿಚ್ಚಿ, ಮತ್ತೆ ನೆಟ್ಟಗೆ ಕಟ್ಟಿ, ಬೆಳಗಾಗುವುದರೊಳಗೆ ಸುಮ್ಮನಾಗುತ್ತಿದ್ದರಂತೆ. ಆ ಗಂಡಸರ ಅತಿಥಿಸತ್ಕಾರಕ್ಕೆ ನಾನು ಕೈಮುಗಿಯುತ್ತೇನೆ. ಸೇವೆಗೆಂದು ಜನ ಹೋಗುವ ಅನಾಥಾಲಯಗಳ ಕತೆಯಲ್ಲಿ ನಗು ಇಲ್ಲ. ಕಾಂಬೋಡಿಯಾದ ಅನಾಥಾಲಯಗಳ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪ ಅಥವಾ ಅಮ್ಮ ಇದ್ದಾರೆ. ಮುದ್ದು ಮಾಡಲು ದುಡ್ಡು ಕೊಟ್ಟು ಬರುವವರು ಹೆಚ್ಚಿದಂತೆ ‘ಅನಾಥ’ರೂ ಹೆಚ್ಚಿದರು. 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾನೂನು ತಂದಾಗ ಆಸ್ಟ್ರೇಲಿಯಾ ಈ ದಂಧೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ನಮ್ಮ ಕ್ಯಾಂಪಿನ ಕೊನೆಯ ದಿನ ಊರಿನ ಮೇಯರ್ ಬಂದ, ಚಡ್ಡಿ ಹಾಕಿಕೊಂಡು, ಕಂಕುಳಲ್ಲಿ ವೈನ್ ಬಾಟ್ಲಿ. ಎರಡು ನಿಮಿಷ ಮಾತಾಡಿ ಲೋಟ ಎತ್ತಿದ. ನಾವು ಕಟ್ಟಿದ್ದು ಒಂದು ಬಸ್ಸಿನ ಉದ್ದದ ಗೋಡೆ. ಮೇಸ್ತ್ರಿಯೂ ಅವನ ಮಗನೂ ನಮ್ಮ ಕಾಟವಿಲ್ಲದೆ ಕಟ್ಟಿದ್ದರೆ ವಾರದಲ್ಲಿ ಮುಗಿಸುತ್ತಿದ್ದರು. ಅದು ಅವನಿಗೂ ಗೊತ್ತು, ನಮಗೂ ಗೊತ್ತು. ಆದರೆ ತುರ್ಕಿಯ ಹುಡುಗನೊಬ್ಬ ಕಸುಬು ಕಲಿಯಲು ಮುಂದಿನ ವರ್ಷ ಮತ್ತೆ ಬರುತ್ತೇನೆಂದಾಗ ಮುದುಕ ಗೊಣಗಲಿಲ್ಲ. ತನ್ನ ಸುತ್ತಿಗೆಗಳಲ್ಲಿ ಒಂದನ್ನು ಅವನಿಗೆ ಕೊಟ್ಟ.

ಹಾಗಾಗಿ ಹೊರಡುವ ಮನಸ್ಸಿದ್ದರೆ ಹೊರಡಿ. ಸಾಮಾನ್ಯವಾಗಿ ಹದಿನೆಂಟು ತುಂಬಿರಬೇಕು, ಮೇಲಿನ ಮಿತಿ ಹೆಚ್ಚಿನ ಕಡೆ ಇಲ್ಲ. ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಈ ಕೆಲಸ ಬೇಕೆಂದು ಹೇಳಿದವರು ಯಾರು, ಮೇಸ್ತ್ರಿ ಆ ಊರಿನವನೇ, ನಾನು ಹೋಗದಿದ್ದರೆ ಇದನ್ನು ಯಾರು ಮಾಡುತ್ತಿದ್ದರು. ಕೊನೆಯದಕ್ಕೆ ‘ದುಡ್ಡು ಪಡೆದು ಮಾಡುವ ಅಲ್ಲಿನ ಬಡವರು’ ಎಂಬ ಉತ್ತರ ಬಂದರೆ ಮನೆಯಲ್ಲೇ ಇರಿ. ಮಕ್ಕಳನ್ನು ತಬ್ಬಿಕೊಂಡ ಫೋಟೋ ತೋರಿಸಿ ಕರೆಯುವವರ ಹತ್ತಿರ ಹೋಗಲೇಬೇಡಿ. ಉಳಿದಂತೆ ಇಂಗ್ಲಿಷ್ ತಪ್ಪಾದರೂ ನಡೆಯುತ್ತದೆ, ಪಾತ್ರೆ ತಿಕ್ಕಲು ಬಾರದಿದ್ದರೆ ನಡೆಯುವುದಿಲ್ಲ. ಉಪ್ಪಿನಕಾಯಿ ಎರಡು ಬಾಟ್ಲಿ ಇಟ್ಟುಕೊಳ್ಳಿ, ಒಂದು ಸಾಲುವುದಿಲ್ಲ.