ಅಂಕಣಕಾರ: ಬಳಕೆದಾರರ ಕೈಪಿಡಿ (ಹೆಬ್ರಿ ಆವೃತ್ತಿ)

ಮೊದಲು ಸಾಮಗ್ರಿ. ಒಂದು ಲ್ಯಾಪ್‌ಟಾಪ್. ಒಂದು ಇನ್ವರ್ಟರ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆಯ ಬುಡದಲ್ಲಿ ಇದಿಲ್ಲದೆ ಯಾವ ಅಭಿಪ್ರಾಯವೂ ಹುಟ್ಟುವುದಿಲ್ಲ. ಗಲ್ಲಕ್ಕೆ ಕೈಯೂರಿದ ಒಂದು ಫೋಟೊ. ಆಮೇಲೆ ಸಿಟ್ಟು. ಸ್ವಂತದ್ದು ಇಲ್ಲವೆಂದು ಚಿಂತೆ ಬೇಡ, ರಾತ್ರಿ ಒಂಬತ್ತರ ಟಿ.ವಿ. ಚರ್ಚೆಯಲ್ಲಿ ಬೇಕಾದಷ್ಟು ಸಿಗುತ್ತದೆ.

ಇನ್ನು ವಿಷಯದ ಆಯ್ಕೆ. ಇಲ್ಲಿ ಒಂದೇ ಸೂತ್ರ: ಹೆಬ್ರಿ ಬಸ್ ನಿಲ್ದಾಣದಿಂದ ದೂರ ಹೆಚ್ಚಿದಷ್ಟೂ ಧೈರ್ಯ ಹೆಚ್ಚಬೇಕು. ಅಮೆರಿಕದ ಅಧ್ಯಕ್ಷರಿಗೆ ಧಾರಾಳವಾಗಿ ಬುದ್ಧಿ ಹೇಳಿ. ಅವರು ಯಕ್ಷಗಾನದ ಚೌಕಿಯ ಹತ್ತಿರ ನಿಮಗೆ ಎದುರಾಗುವುದಿಲ್ಲ. ದೆಹಲಿಯನ್ನು ಬೈಯಿರಿ. ಬೆಂಗಳೂರನ್ನು ಬೈಯುವಾಗ ಯಾವ ಪಕ್ಷ ಅಧಿಕಾರದಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ. ಉಡುಪಿಯ ವಿಷಯ ಬಂದರೆ ಹೆಸರುಗಳನ್ನೆಲ್ಲ ತೆಗೆದು ‘ಸಂಬಂಧಪಟ್ಟವರು ಗಮನ ಹರಿಸಬೇಕು’ ಎಂದು ಮುಗಿಸಿ. ಹೆಬ್ರಿಯ ಬಗ್ಗೆಯೇ ಬರೆಯಬೇಕಾಗಿ ಬಂದರೆ ಕೂಡ್ಲು ತೀರ್ಥ, ಸೀತಾನದಿ, ಬಾಲ್ಯದ ಮಳೆ, ಅಜ್ಜಿ ಸುಟ್ಟುಕೊಟ್ಟ ಹಲಸಿನ ಹಪ್ಪಳ, ಇಷ್ಟೇ. ಹಪ್ಪಳದ ಮೇಲೆ ಯಾರೂ ಕೇಸು ಹಾಕಿದ್ದಿಲ್ಲ.

ಉದಾಹರಣೆಗೆ ಪಶ್ಚಿಮಘಟ್ಟದ ಸಂರಕ್ಷಣೆ ಕುರಿತ 2013ರ ಕಸ್ತೂರಿರಂಗನ್ ವರದಿಯನ್ನೇ ತೆಗೆದುಕೊಳ್ಳಿ. ರಾಜಧಾನಿಯಲ್ಲಿ ಕೂತವರಿಗೆ ಪಶ್ಚಿಮಘಟ್ಟ ಉಳಿಯಲಿ ಎಂದು ಬರೆಯುವುದು ಅರ್ಧ ಗಂಟೆಯ ಕೆಲಸ. ಸೋಮೇಶ್ವರ ಅಭಯಾರಣ್ಯದ ಅಂಚಿನಲ್ಲಿ ಕೂತವರಿಗೆ ಅದೇ ವಾಕ್ಯ ಬರೆಯಲು ಮೂರು ದಿನ ಬೇಕು. ಅಡಿಕೆ ತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂಬುದು ಬರೆಯುವವನ ಮನೆಯ ಹಿತ್ತಿಲಲ್ಲೇ ತಕರಾರಿನಲ್ಲಿರುತ್ತದೆ. ಪಕ್ಕದ ಮನೆಯವರು ವರದಿಯ ವಿರುದ್ಧ ಪ್ರತಿಭಟನೆಗೆ ಹೋಗಿ ಬಂದವರು. ಕಾಡುಕೋಣ ಗದ್ದೆಗೆ ಇಳಿದ ಮರುದಿನ ಸಹಾಯಕ್ಕೆ ಬಂದವರೂ ಅವರೇ. ಪರವಾಗಿ ಬರೆದರೆ ಅವರು ಮಾತು ಬಿಡುತ್ತಾರೆ, ವಿರುದ್ಧ ಬರೆದರೆ ಸೀತಾನದಿ ಬೇಸಿಗೆಗೆ ಮುಂಚೆಯೇ ಸೊರಗುವುದು ಕಣ್ಣಿಗೆ ಬೀಳುತ್ತದೆ. ಇಂಥ ಕಡೆ ಕೈಪಿಡಿಯ ಶಿಫಾರಸು: ‘ಅಭಿವೃದ್ಧಿ ಮತ್ತು ಪರಿಸರದ ನಡುವೆ ಸಮತೋಲನ ಬೇಕು.’ ಈ ವಾಕ್ಯವನ್ನು ಒಂದು ಕಡತದಲ್ಲಿ ಸಿದ್ಧವಾಗಿಟ್ಟುಕೊಳ್ಳಿ, ವರ್ಷಕ್ಕೆ ನಾಲ್ಕು ಸಲ ಬೇಕಾಗುತ್ತದೆ.

ಧೈರ್ಯ ಸಾಲದವರಿಗೆ ಕಾವ್ಯನಾಮ ಉಂಟು. ಉಡುಪಿಯಲ್ಲಿ 1915ರಲ್ಲಿ ಹುಟ್ಟಿದ ಪಾಡಿಗಾರು ವೆಂಕಟರಮಣ ಆಚಾರ್ಯರು ಘಟ್ಟ ಹತ್ತಿ ಹುಬ್ಬಳ್ಳಿ ಸೇರಿ, ‘ಕಸ್ತೂರಿ’ ಮಾಸಪತ್ರಿಕೆಯನ್ನು ಕಟ್ಟಿ, ಪಾ.ವೆಂ. ಆಗಿ ವಿದ್ವತ್ತನ್ನೂ ಲಾಂಗೂಲಾಚಾರ್ಯರಾಗಿ ವಿನೋದವನ್ನೂ ಬರೆದರು. ಆದರೆ ಅವರು ಕಾವ್ಯನಾಮ ಇಟ್ಟುಕೊಂಡದ್ದು ಅಡಗಲಿಕ್ಕಲ್ಲ. ಲಾಂಗೂಲವೆಂಬ ಆ ಬಾಲದ ಹಿಂದೆ ಇರುವವರು ಯಾರೆಂದು ಓದುಗರಿಗೆಲ್ಲ ಗೊತ್ತಿತ್ತು. ಕೈಪಿಡಿಯ ಮಟ್ಟಿಗೆ ಇದು ತಪ್ಪು ಬಳಕೆ.

ಅದಕ್ಕಿಂತ ದೊಡ್ಡ ತಪ್ಪು ಬಳಕೆ ವಡ್ಡರ್ಸೆ ರಘುರಾಮ ಶೆಟ್ಟರದ್ದು. ‘ಪ್ರಜಾವಾಣಿ’ಯಲ್ಲಿ ಹೆಸರು ಮಾಡಿದವರು ಸುಮ್ಮನೆ ಬೆಂಗಳೂರಿನಲ್ಲಿ ಇರಬಹುದಿತ್ತು. ಬದಲಿಗೆ ಓದುಗರಿಂದಲೇ ಬಂಡವಾಳ ಕೂಡಿಸಿ 1984ರಲ್ಲಿ ಮಂಗಳೂರಿನಲ್ಲಿ ‘ಮುಂಗಾರು’ ತಂದರು. ತಮ್ಮದೇ ಕರಾವಳಿಯ ಜಾತಿ, ದುಡ್ಡು, ಧರ್ಮದ ಲೆಕ್ಕವನ್ನು ಕರಾವಳಿಯವರ ಮುಂದೆಯೇ ಬಿಚ್ಚಿದರು. ದೂರದ ಸೂತ್ರವನ್ನು ತಲೆಕೆಳಗು ಮಾಡಿದ ಮನುಷ್ಯ. ಪತ್ರಿಕೆ ಉಳಿಯಲಿಲ್ಲ. ಅಲ್ಲಿ ಕೆಲಸ ಕಲಿತ ಹುಡುಗರು ಮಾತ್ರ ಮುಂದೆ ನಾಡಿನ ಪತ್ರಿಕೆಗಳಲ್ಲೆಲ್ಲ ಹರಡಿಕೊಂಡರು. ದಿನೇಶ್ ಅಮೀನ್ ಮಟ್ಟು ಅವರಲ್ಲೊಬ್ಬರು. ನನ್ನನ್ನು ಕೇಳಿದರೆ, ಜಿಲ್ಲೆಯ ಅಂಕಣಕಾರರು ನಕಲು ಹೊಡೆಯಬೇಕಾದದ್ದು ಈ ಒಂದು ತಪ್ಪನ್ನೇ. ಆದರೆ ವಾರಂಟಿ ಇರುವುದಿಲ್ಲ.

ನೂರು ಅಂಕಣ ತುಂಬಿದ ಕೂಡಲೇ ಪುಸ್ತಕ ಮಾಡಿ. ‘ಅಂಕಣವೂ ಸಾಹಿತ್ಯವೇ?’ ಎಂದು ಯಾರಾದರೂ ಕೊಂಕು ತೆಗೆದರೆ ಘಟ್ಟದ ಮೇಲಕ್ಕೆ ಕೈ ತೋರಿಸಿ: ಹದಿನಾಲ್ಕು ತಿರುವು ಹತ್ತಿದರೆ ಆಗುಂಬೆ, ಅದರಾಚೆ ತೀರ್ಥಹಳ್ಳಿ ಸೀಮೆ, ಅಲ್ಲಿಯ ಹಾರೋಗೊಳಿಗೆಯ ಹಾ.ಮಾ. ನಾಯಕರಿಗೆ ‘ಸಂಪ್ರತಿ’ ಎಂಬ ಅಂಕಣ ಬರಹಗಳ ಸಂಕಲನಕ್ಕೇ 1989ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಿಡುಗಡೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಪ್ರತಿಗಳು ಅಟ್ಟದ ಮೇಲೆ. ಗೆದ್ದಲಿಗೆ ಮುಂಚೆ ಗ್ರಂಥಾಲಯದ ಸಗಟು ಖರೀದಿಗೆ ಅರ್ಜಿ ಹಾಕುವುದು.

ಸಂಭಾವನೆ: ಇದರ ಬಗ್ಗೆ ಪ್ರತ್ಯೇಕ ಅಧ್ಯಾಯ ಅಗತ್ಯ ಕಾಣಲಿಲ್ಲ.

ಪ್ರಯೋಗ ಪರೀಕ್ಷೆ ಹೋಟೆಲಿನಲ್ಲಿ. ಅಂಕಣ ಬಂದ ಬೆಳಿಗ್ಗೆ ಹೋಗಿ ಬನ್ಸಿಗೆ ಹೇಳಿ ಕೂತುಕೊಳ್ಳಿ. ಎದುರು ಮೇಜಿನವರು ಪೇಪರು ಮಡಚುತ್ತ ಹೇಳುತ್ತಾರೆ: ‘ನಿಮ್ಮದು ಬಂದಿದೆಯಲ್ಲ ಮಾರ್ರೆ! ಫೋಟೋ ಲಾಯ್ಕ ಉಂಟು.’ ಯಂತ್ರ ಸರಿಯಾಗಿ ನಡೆಯುತ್ತಿದೆ ಎಂದರ್ಥ. ‘ಅಲ್ಲ, ನೀವು ಆ ಮೋರಿಯ ವಿಷಯ ಹಾಗೆ ಬರೆಯಬಾರದಿತ್ತು’ ಎಂದು ದನಿ ತಗ್ಗಿಸಿದರೋ, ಎಲ್ಲೋ ಸೂತ್ರ ತಪ್ಪಿದೆ: ನೀವು ಊರಿನ ಬಗ್ಗೆ ನಿಜವಾಗಿ ಏನೋ ಬರೆದುಬಿಟ್ಟಿದ್ದೀರಿ. ಬನ್ಸಿನ ದುಡ್ಡು ನೀವೇ ಕೊಟ್ಟು ಎದ್ದು ಬನ್ನಿ, ಮುಂದಿನ ವಾರ ಉಳಿದರ್ಧ ಮೋರಿಯನ್ನೂ ಬರೆಯಿರಿ.

ಓದುಗರಲ್ಲೊಂದು ವಿನಂತಿ. ನಿಮ್ಮ ಊರಿನ ಹೆಸರು ಹಿಡಿದು ಯಾರಾದರೂ ಬರೆದರೆ ಪತ್ರಿಕೆಗೆ ಎರಡು ಸಾಲು ಬರೆದು ಹಾಕಿ, ಬೈದಾದರೂ ಸರಿ. ಅಮೆರಿಕದ ಅಧ್ಯಕ್ಷರ ಮೇಲಿನ ಅಂಕಣಕ್ಕೆ ಹೇಗೂ ಪತ್ರ ಬರುತ್ತದೆ. ಮೋರಿಯ ಮೇಲಿನದ್ದಕ್ಕೆ ನೀವೇ ಬರೆಯಬೇಕು.